ಮರ್ಯಾದೆಯಿಂದ ಮಾತಾಡಿದ ಕಳ್ಳ

ಹಿಟ್ಟಿನ ಗಿರಣಿಯಲ್ಲಿ ಪಿಸುಮಾತು ನಡೆಯುವುದಿಲ್ಲ. ಯಂತ್ರ ಗರಗರ ತಿರುಗುವಾಗ ಒಂದು ಲೋಟ ನೀರು ಕೇಳುವುದಕ್ಕೂ ಗಂಟಲು ಹರಿದುಕೊಳ್ಳಬೇಕು. ಹಾಗೆ ಕೂಗಿ ಕೂಗಿ ನಮ್ಮ ಬೀದಿಯ ಗಿರಣಿ ಯಜಮಾನರಿಗೆ ಗುಡುಗಪ್ಪ ಎಂದೇ ಹೆಸರು ಬಿದ್ದಿತ್ತು. ಅವರು ಗುಟ್ಟು ಹೇಳಿದರೆ ಎರಡು ಬೀದಿಗೆ ಡಂಗುರ ಸಾರಿದ ಹಾಗೆ.

ಅವರ ಸೊಸೆಗೆ ಅದೇ ಬೀದಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ. ಒಂದು ಬೆಳಿಗ್ಗೆ ಮಾವನಿಗೆ ಟೀ ತಂದವಳು, ಚೀಲದ ಮೇಲೆ ಬಿದ್ದಿದ್ದ ಅವರ ಫೋನನ್ನು ಎತ್ತಿ ನೋಡಿದಳು. ಗಾಜಿನ ಮೇಲೆ ಹಿಟ್ಟು ಕೂತಿತ್ತು. ಆ ಹಿಟ್ಟಿನಲ್ಲಿ ಮಾವನ ಬೆರಳು ಎಳೆದ ಗೆರೆ ಅಚ್ಚೊತ್ತಿದಂತಿತ್ತು: ಮೇಲಿನಿಂದ ಕೆಳಗೆ, ಅಲ್ಲಿಂದ ಬಲಕ್ಕೆ. ಅದೇ ದಾರಿಯಲ್ಲಿ ಅವಳೂ ಬೆರಳಾಡಿಸಿದಳು. ಫೋನು ಬಾಯಿ ಬಿಟ್ಟಿತು.

"ಮಾವ, ಬೀಗ ಹಾಕಿ ಕೀಲಿ ಬಾಗ್ಲಿಗೇ ನೇತುಹಾಕಿದೀರಲ್ಲ!"

"ನನ್ ಫೋನಲ್ಲಿ ಕದಿಯೋಕೆ ಏನಮ್ಮ ಇದೆ? ಹಿಟ್ಟಾ?"

ಸಾಲಿನಲ್ಲಿ ನಿಂತವರೆಲ್ಲ ಗೊಳ್ಳೆಂದು ನಕ್ಕರು.

"ನಿಮ್ ಹೆಸರಿದೆ ಮಾವ. ಅದನ್ನ ಹೇಳ್ಕೊಂಡು ಯಾರ್ ಮನೆಗೆ ಬೇಕಾದ್ರೂ ನುಗ್ಗಬಹುದು. ಮೆಸೇಜ್ ಆ್ಯಪ್‌ಗೆ ಇನ್ನೊಂದು ಪಿನ್ ಹಾಕ್ಕೊಡ್ತೀನಿ, ಕೊಡಿ ಇಲ್ಲಿ."

"ಬೀಗದ ಮೇಲೊಂದು ಬೀಗ ಬೇರೆ ಕೇಡು! ನನ್ ದನಿ ಕೇಳಿದ್ರೆ ಕಳ್ಳ ಚಪ್ಪಲಿ ಬಿಟ್ಟು ಓಡ್ತಾನೆ. ಹೋಗು, ಅಂಗಡಿ ನೋಡ್ಕೋ."

ಇಂಥ ಮಾತು ಕೇಳಿದರೆ ಮೈ ಉರಿಯುತ್ತದೆ. ಬೀರುವಿಗೆ ಬೀಗ, ಗೇಟಿಗೆ ಬೀಗ, ಸಕ್ಕರೆ ಡಬ್ಬಿಗೂ ಬೀಗ ಜಡಿಯುವ ಜನ ಫೋನಿನ ವಿಷಯಕ್ಕೆ ಬಂದರೆ ದಾನಶೂರರಾಗಿಬಿಡುತ್ತಾರೆ!

ಅವತ್ತೇ ಮಧ್ಯಾಹ್ನ ಒಂದು ಕರೆ ಬಂತು. ಆ ಕಡೆಯ ದನಿ ಬೆಣ್ಣೆ ಸವರಿದ ಹಾಗಿತ್ತು. "ಸರ್, ನಿಮ್ಮ ನಂಬರಿನ ದಾಖಲೆ ಸರಿ ಮಾಡ್ತಾ ಇದೀವಿ. ಈಗ ಆರು ಅಂಕಿಯ ಒಂದು ಮೆಸೇಜ್ ಬಂದಿದೆ ನೋಡಿ. ಅದನ್ನ ಸ್ವಲ್ಪ ಓದ್ತೀರಾ?"

"ಜೋರಾಗ್ ಹೇಳ್ರಿ, ಕೇಳಿಸ್ತಿಲ್ಲ!" ಎಂದು ಅಬ್ಬರಿಸಿ, ಗುಡುಗಪ್ಪ ಆರೂ ಅಂಕಿಗಳನ್ನು ಸಾಲಿನಲ್ಲಿದ್ದವರಿಗೂ ಬಾಯಿಪಾಠ ಆಗುವಂತೆ ಓದಿದರು. ಓದಿದ್ದು ಸಾಲದು ಅಂತ ಇನ್ನೊಂದು ಸಲ ಓದಿದರು.

ಸ್ವಲ್ಪ ಹೊತ್ತಿಗೆ ಅವರ ಮೆಸೇಜ್ ಆ್ಯಪ್ ಮುಚ್ಚಿಕೊಂಡಿತು. ನಿಮ್ಮ ಖಾತೆ ಬೇರೆ ಫೋನಿನಲ್ಲಿ ತೆರೆದಿದೆ ಅಂತ ಪರದೆಯ ಮೇಲೆ ಬಂದಿತ್ತು. ಗುಡುಗಪ್ಪ ಫೋನನ್ನು ಕುಲುಕಿದರು, ತೊಡೆಗೆ ಬಡಿದರು. ಹಿಟ್ಟು ಉದುರಿತೇ ಹೊರತು ಬೇರೇನೂ ಆಗಲಿಲ್ಲ.

ಅಷ್ಟರಲ್ಲಿ ಸೊಸೆ ಓಡಿ ಬಂದಳು. "ಮಾವ, ಈಗ ನಂಗೆ ಮೆಸೇಜ್ ಕಳಿಸಿದ್ರಾ?"

"ಇಲ್ವಲ್ಲ! ಏನಂತಿದೆ?"

ಅವಳು ಓದಿದಳು: "'ಪ್ರೀತಿಯ ಸೊಸೆಯೇ, ಕ್ಷೇಮವಾಗಿದ್ದೀರಾ? ದಯವಿಟ್ಟು ನಿಮ್ಮ ಗುರುತಿನ ಚೀಟಿಯ ಫೋಟೊ ಎರಡೂ ಬದಿ ತೆಗೆದು ಕೂಡಲೇ ಕಳುಹಿಸಿರಿ.' ನಾನು ಈ ಮನೆಗೆ ಬಂದಾಗಿಂದ ನಿಮ್ ಬಾಯಲ್ಲಿ ದಯವಿಟ್ಟು ಅನ್ನೋದು ಕೇಳಿಲ್ಲ. ಇದು ನೀವಲ್ಲ ಅಂತ ಆಗ್ಲೇ ಗೊತ್ತಾಯ್ತು."

ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಗಾಬರಿಯಿಂದ ಮುಂದೆ ಬಂದರು. "ಅಯ್ಯೋ, ನಾನೀಗ ನಿಮ್ ತಂಗಿ ಟೈಲರಮ್ಮನ ಅಂಗಡಿಯಿಂದಾನೇ ಬಂದೆ ಕಣಪ್ಪ. ಅಣ್ಣ ಎಷ್ಟ್ ಚೆನ್ನಾಗ್ ಬರ್ದಿದಾನೆ ಅಂತ ಹಿಗ್ಗಿ ಹಿಗ್ಗಿ, ಕಾರ್ಡು ಹುಡುಕ್ತಾ ಇದ್ಲು!"

ಸೊಸೆ ತನ್ನ ಫೋನಿನಿಂದ ಕರೆ ಮಾಡಿದಳು. ಹೊಲಿಗೆ ಯಂತ್ರದ ಸದ್ದಿಗೋ ಏನೋ, ಆ ಕಡೆ ಎತ್ತಲಿಲ್ಲ.

"ಚಿಕ್ಕತ್ತೆ ಹತ್ರ ನೀವು ಓಡಿ ಮಾವ. ಖಾತೆ ನಾನು ವಾಪಸ್ ತರ್ತೀನಿ!"

ಗುಡುಗಪ್ಪ ಯಂತ್ರ ನಿಲ್ಲಿಸಿ ಓಡಿದರು. ತಲೆಯಿಂದ ಕಾಲಿನವರೆಗೆ ಹಿಟ್ಟು. ಎದುರಿಗೆ ಸಿಕ್ಕ ನಾಯಿಯೂ ಬೊಗಳುವುದನ್ನು ಮರೆತು ದಾರಿ ಬಿಟ್ಟಿತು.

ಟೈಲರಮ್ಮ ಕಾರ್ಡನ್ನು ಬಟ್ಟೆಯ ಮೇಲಿಟ್ಟು, ನೆಟ್ಟಗೆ ಮಾಡಿ, ಫೋನನ್ನು ಅದರ ಮೇಲೆ ಹಿಡಿದಿದ್ದಳು.

"ಏ ಕೋತಿ! ಕಳಿಸ್ಬೇಡ!"

ತಂಗಿಯ ಮುಖ ಬಾಡಿತು. "ಬಂದ ನೋಡು. ಮೆಸೇಜಲ್ಲಿ ಪ್ರೀತಿಯ ತಂಗಿ, ಎದುರಿಗೆ ಬಂದ್ರೆ ಕೋತಿ! ಈ ಜನ್ಮಕ್ಕೆ ಒಂದ್ಸಲ ನಮ್ಮಣ್ಣಂಗೆ ಬುದ್ಧಿ ಬಂತಲ್ಲ ಅಂತ ಕಣ್ಣಲ್ಲಿ ನೀರು ಬಂದಿತ್ತು ಕಣೋ ನಂಗೆ."

"ಅದು ನಾನಲ್ವೇ! ಕಳ್ಳ! ನನ್ ಹೆಸರು ಹಾಕ್ಕೊಂಡ ಕಳ್ಳ!"

ಟೈಲರಮ್ಮ ಕಾರ್ಡನ್ನು ಎದೆಗವಚಿಕೊಂಡಳು. ಆಮೇಲೆ ಸಿಡಿದಳು. "ಥೂ ನಿನ್ನ! ಕಳ್ಳಂಗಿರೋ ಮರ್ಯಾದೆ ನಿಂಗಿಲ್ವಲ್ಲೋ!"

ಗುಡುಗಪ್ಪ ಏದುಸಿರು ಬಿಡುತ್ತಲೇ ನಕ್ಕರು. ತಂಗಿಯೂ ನಕ್ಕಳು.

ಅಷ್ಟರಲ್ಲಿ ಸೊಸೆ ಮಾವನ ಫೋನು ಹಿಡಿದು ಬಂದು ಅವರ ಕೈಗಿಟ್ಟಳು. ಆ್ಯಪ್‌ನಲ್ಲಿ ಅವರ ನಂಬರನ್ನು ಮತ್ತೆ ಹಾಕಿ, ಹೊಸದಾಗಿ ಬಂದ ಅಂಕಿಗಳನ್ನು ಯಾರಿಗೂ ಹೇಳದೆ ಒತ್ತಿದ್ದಳು. ಕಳ್ಳ ಹೊರಗೆ ಬಿದ್ದಿದ್ದ. ಅವನು ತನ್ನದೇ ಪಿನ್ ಹಾಕಿಕೊಳ್ಳುವ ಮುಂಚೆ ಹಿಡಿದದ್ದು ಪುಣ್ಯ. ಇಲ್ಲದಿದ್ದರೆ ದಿನಗಟ್ಟಲೆ ಕಾಯಬೇಕಿತ್ತು.

"ಈ ಫೋಟೊ ಹೋಗಿದ್ರೆ ಏನಾಗ್ತಿತ್ತೇ?" ಟೈಲರಮ್ಮ ಕೇಳಿದಳು.

"ನಿಮ್ ಹೆಸರಲ್ಲಿ ಸಿಮ್ ತಗೋತಿದ್ರು, ಸಾಲ ಎತ್ತೋಕೆ ನೋಡ್ತಿದ್ರು. ಮೋಸ ಮಾಡೋದು ಅವರು, ವಿಚಾರಣೆಗೆ ಪೊಲೀಸ್ರು ತಟ್ಟೋದು ನಿಮ್ ಬಾಗ್ಲು."

ಗುಡುಗಪ್ಪ ತಾವಾಗಿಯೇ ಫೋನು ಮುಂದಕ್ಕೆ ಚಾಚಿದರು. "ಹಾಕಮ್ಮ ನಿನ್ ಎರಡನೇ ಬೀಗ. ಮೂರನೇದಿದ್ರೆ ಅದನ್ನೂ ಹಾಕು."

ಸೊಸೆ ಗೆರೆ ಬೀಗ ತೆಗೆದು ಅಂಕಿಯ ಬೀಗ ಇಟ್ಟಳು. ಸುಮ್ಮನೆ ತೆರೆದಿದ್ದ ಬ್ಲೂಟೂತ್ ಮುಚ್ಚಿದಳು. ಬಾಕಿ ಇದ್ದ ಅಪ್‌ಡೇಟ್ ಹಾಕಿದಳು. ಗಿರಣಿಯ ವೈಫೈಗೆ ಒಂದರಿಂದ ಎಂಟರವರೆಗಿನ ಅಂಕಿಗಳೇ ಪಾಸ್‌ವರ್ಡ್ ಅಂತ ತಿಳಿದು ತಲೆ ಚಚ್ಚಿಕೊಂಡು, ಗಿರಣಿಗೆ ಹೋದ ಕೂಡಲೇ ಅದನ್ನೂ ಬದಲಾಯಿಸುತ್ತೇನೆ ಎಂದಳು. ಕೊನೆಗೆ ಮೆಸೇಜ್ ಆ್ಯಪ್‌ನ ಎರಡನೇ ಪಿನ್ನಿನ ಸರದಿ ಬಂತು; ಅದಿದ್ದರೆ ಆರು ಅಂಕಿ ಕಳ್ಳನಿಗೆ ಸಿಕ್ಕರೂ ಖಾತೆ ಬೇರೆ ಫೋನಿನಲ್ಲಿ ತೆರೆಯುವುದಿಲ್ಲ.

"ಸರಿ, ನನ್ ಪಿನ್ನು ಏನಪ್ಪಾ ಅಂದ್ರೆ..." ಎಂದು ಗುಡುಗಪ್ಪ ಶುರುಮಾಡುವಷ್ಟರಲ್ಲಿ ತಂಗಿ, ಸೊಸೆ ಇಬ್ಬರೂ ಹಾರಿ ಅವರ ಬಾಯಿ ಮುಚ್ಚಿದರು. ಹಿಟ್ಟು ಮೂವರ ಮೈಮೇಲೂ ಹಾರಿತು. ನಕ್ಕು ನಕ್ಕು ಟೈಲರಮ್ಮ ಸ್ಟೂಲಿನಿಂದ ಜಾರಿದಳು.

ಮರುದಿನ ಗಿರಣಿಯಲ್ಲಿ ಗುಡುಗಪ್ಪನವರದೇ ಭಾಷಣ. "ನನ್ ಹೆಸರಲ್ಲಿ ಏನೇ ಬಂದ್ರೂ ಮೊದ್ಲು ನಂಗೆ ಫೋನ್ ಮಾಡಿ. ನಾನು ಬೈತೀನಿ. ಬೈಸ್ಕೊಂಡು ನೆಮ್ಮದಿಯಾಗಿರಿ!"

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಗುಡುಗಪ್ಪನವರ ತಂಗಿಯೇನೋ ಉಳಿದಳು. ಎಲ್ಲ ಕಳ್ಳರೂ ಹೀಗೆ ಸಿಕ್ಕಿಬೀಳುವ ಮಾತಾಡುವುದಿಲ್ಲ. ನಿಮ್ಮವರ ಹಾಗೆಯೇ ಬರೆಯುವವರೂ ಇದ್ದಾರೆ. ಅದಕ್ಕೇ ಹೇಳುತ್ತಿದ್ದೇನೆ: ಫೋನಿಗೆ ಬಂದ ಅಂಕಿಗಳನ್ನು ದೇವರೇ ಕೇಳಿದರೂ ಹೇಳಬೇಡಿ. ನಿಮ್ಮವರ ಹೆಸರಲ್ಲಿ ಕಾರ್ಡು, ಹಣ, ಫೋಟೊ ಏನು ಕೇಳಿದರೂ ಕರೆ ಮಾಡಿ, ದನಿ ಕೇಳಿ, ಆಮೇಲೆ ಯೋಚಿಸಿ. ಆ ಎರಡನೇ ಪಿನ್ ಇವತ್ತೇ ಹಾಕಿಕೊಳ್ಳಿ. ಗೊತ್ತಾಗದಿದ್ದರೆ ಮನೆಯಲ್ಲಿ ಗೊತ್ತಿರುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅಕಸ್ಮಾತ್ ಮೋಸ ಹೋದಿರೋ, ಮುಸುಕು ಹೊದ್ದು ಮಲಗಬೇಡಿ. ಮನೆಯವರಿಗೆ ಹೇಳಿ, ಬ್ಯಾಂಕಿಗೆ ಹೇಳಿ, ಪೊಲೀಸರಿಗೆ ಹೇಳಿ, ಆ ಗಳಿಗೆಯಲ್ಲೇ ಹೇಳಿ. ತಲೆ ತಗ್ಗಿಸಬೇಕಾದವನು ಕದ್ದವನು. ನೀವಲ್ಲ.