ಕೇಳಿಸಿದರೆ ಬೆರಳೆತ್ತಿ

ರಾತ್ರಿ ಎರಡು ಗಂಟೆಯ ಸುಮಾರಿಗೆ ಅಡುಗೆಮನೆಯ ನಲ್ಲಿ ಸಣ್ಣಗೆ ಸುಯ್‌ಗುಟ್ಟಿತು. ನೀರು ಬರುವ ಮುಂಚೆ ಕೊಳವೆಯೊಳಗಿನ ಗಾಳಿ ಮಾಡುವ ಸದ್ದು ಅದು. ನಮ್ಮ ಕಟ್ಟಡಕ್ಕೆ ನೀರು ಬರುವುದು ಹೆಚ್ಚುಕಡಿಮೆ ಆ ಹೊತ್ತಿಗೆ, ಅದೂ ಇಪ್ಪತ್ತೇ ನಿಮಿಷ. ಹಾಗಾಗಿ ನಾನು ಒಂದು ಕಿವಿಯನ್ನು ಎಚ್ಚರವಿಟ್ಟೇ ಮಲಗುತ್ತೇನೆ. ಏಳೋಣವೆಂದು ಹೊದಿಕೆ ಸರಿಸುವಷ್ಟರಲ್ಲಿ ಬೀರುವಿನ ಆಚೆ ಮಂಚ ಕಿರುಗುಟ್ಟಿತು. ಅತ್ತೆ ಎದ್ದರು. ದೀಪ ಹಾಕದೆ, ಗೋಡೆ ಸವರಿಕೊಂಡು ಅಡುಗೆಮನೆಗೆ ಹೋದರು. ಬಕೆಟ್ ಎಳೆದ ಸದ್ದು, ಅದರೊಳಗೆ ನೀರು ಬಿದ್ದ ಸದ್ದು.

ನಾನು ಎದ್ದು ಕೂತೆ. ಅತ್ತೆಯ ಕಿವಿಯ ಮಿಷನ್ ನನ್ನ ತಲೆಯ ಮೇಲಿನ ಗೂಡಿನಲ್ಲಿ, ಡಬ್ಬಿಯೊಳಗೆ ಇತ್ತು. ಒಂಬತ್ತು ಗಂಟೆಗೆ ಅದನ್ನು ಅವರ ಕಿವಿಯಿಂದ ತೆಗೆದಿಟ್ಟವಳು ನಾನೇ.

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವವಳು. ಹನ್ನೊಂದು ವರ್ಷಗಳಿಂದ ಸದ್ದು ಅಳೆಯುವುದೇ ಕೆಲಸ. ಆ ನಲ್ಲಿಯ ಸದ್ದು ಮೂವತ್ತು ಡೆಸಿಬಲ್ ದಾಟುವುದಿಲ್ಲ. ಅತ್ತೆಗೆ ಎಪ್ಪತ್ತಕ್ಕಿಂತ ಕಡಿಮೆಯದು ಯಾವುದೂ ಕೇಳಿಸುವುದಿಲ್ಲ, ಅಂದರೆ ಪಕ್ಕದಲ್ಲಿ ನಿಂತು ಗದರಿಸಿದರಷ್ಟೇ ಕೇಳಿಸೀತು ಎಂದು ಎರಡು ವರ್ಷದ ಹಿಂದೆ ವರದಿ ಬರೆದವಳೂ ನಾನೇ.

ಪಕ್ಕದಲ್ಲಿ ಗಂಡ ಗೊರಕೆ ಹೊಡೆಯುತ್ತಿದ್ದ. ಅವನನ್ನು ಎಬ್ಬಿಸಿ ಹೇಳಬಹುದಿತ್ತು. ಹೇಳಿದ್ದರೆ ಮರುದಿನವೇ ನಾವು ಈ ರಾಜ್ಯ ಬಿಟ್ಟು ಹೊರಡುವುದು ನಿಶ್ಚಯವಾಗುತ್ತಿತ್ತು.

ನಮ್ಮದು ಒಂದು ಕೋಣೆ, ಒಂದು ಅಡುಗೆಮನೆ. ಕೋಣೆಯ ನಡುವೆ ಬೀರು ಅಡ್ಡ ನಿಲ್ಲಿಸಿದ್ದೇವೆ. ಈಚೆ ನಮ್ಮ ಹಾಸಿಗೆ, ಆಚೆ ಅತ್ತೆಯ ಮಂಚ. ಇದಕ್ಕೆ ಸುರಿಯುವ ಬಾಡಿಗೆಯಲ್ಲಿ ಹೊರರಾಜ್ಯದಲ್ಲಿ ಮೂರು ಕೋಣೆಯ ಮನೆ ಸಿಗುತ್ತದೆ ಎಂಬುದು ಕಟ್ಟಡದಲ್ಲಿ ಎಲ್ಲರಿಗೂ ಬಾಯಿಪಾಠ. ಈ ವರ್ಷ ನಮ್ಮ ಮಹಡಿಯಲ್ಲೇ ಮೂರು ಮನೆಯವರು ಗಂಟುಮೂಟೆ ಕಟ್ಟಿದರು. ಟೈಲರ್ ಬಾಡಿಗೆ ತಾಳಲಿಲ್ಲ ಅಂದ. ಎದುರುಮನೆಯ ಟೀಚರ್ ಮಗುವಿನ ಉಬ್ಬಸ ಅಂದರು. ಮೂಲೆಮನೆಯವರು ಏನೂ ಹೇಳದೆ ಹೋದರು. ಅವರ ಪರವಾಗಿ ಕೆಳಮನೆಯ ‘ರೇಡಿಯೊ’ ನಾಲ್ಕು ಕಾರಣ ಬಿತ್ತರಿಸಿದಳು. ಹೋಗುವವರಿಗೆ ಕಾರಣ ಸುಲಭವಾಗಿ ಸಿಗುತ್ತದೆ. ಉಳಿಯುವವರು ಹುಡುಕಿಕೊಳ್ಳಬೇಕು.

ಗಂಡ ಲಿಫ್ಟ್ ಮೆಕ್ಯಾನಿಕ್. ಅವನ ಕಂಪನಿ ಹೊರರಾಜ್ಯದಲ್ಲಿ ಶಾಖೆ ತೆರೆಯುತ್ತಿತ್ತು. ಬರುತ್ತೀರೋ ಇಲ್ಲವೋ ಎಂದು ಸೋಮವಾರ ಬೆಳಿಗ್ಗೆಯೊಳಗೆ ತಿಳಿಸಬೇಕಿತ್ತು. ಅವನಿಗೆ ಹೋಗುವ ಆಸೆ. ದಿನಕ್ಕೆ ನಾಲ್ಕು ಗಂಟೆ ಬಸ್ಸಿನಲ್ಲಿ ನಿಂತೇ ಹೋಗಿಬರುವವನ ಆಸೆಯನ್ನು ತಪ್ಪು ಎನ್ನುವುದು ಹೇಗೆ? ನನಗೆ ಮಾತ್ರ ಇಷ್ಟವಿರಲಿಲ್ಲ. ಯಾಕೆಂದು ಕೇಳಿದರೆ ಹೇಳಿಕೊಳ್ಳುವಂಥದ್ದೇನೂ ಇಲ್ಲ. ನಾನು ಹುಟ್ಟಿದ್ದು ಇಲ್ಲಿಂದ ಎರಡು ಬೀದಿ ಆಚೆ. ಮೆಟ್ಟಿಲ ಮೇಲೆ ಬರುತ್ತಿರುವುದು ಯಾರೆಂದು ಬಾಗಿಲು ತೆರೆಯದೆ ಹೇಳಬಲ್ಲೆ. ಗುರುತಿಲ್ಲದ ಹೆಜ್ಜೆಗಳ ನಡುವೆ ನನಗೆ ನಿದ್ದೆ ಹತ್ತುವುದಿಲ್ಲ. ಇದನ್ನು ಮೂರು ಕೋಣೆಯ ಮನೆಯ ಪಕ್ಕದಲ್ಲಿಟ್ಟರೆ ಯಾರಾದರೂ ನಕ್ಕಾರು. ಹಾಗಾಗಿ ಅತ್ತೆಯ ಕಿವಿಯನ್ನು ಮುಂದೆ ಮಾಡಿದೆ. ಮಿಷನ್ ಪುಕ್ಕಟೆ ಸಿಗುವುದು ಈ ರಾಜ್ಯದಲ್ಲಿ ವಾಸವಿರುವವರಿಗೆ ಮಾತ್ರ. ಆರು ತಿಂಗಳಿಗೊಮ್ಮೆ ನಮ್ಮ ಆಸ್ಪತ್ರೆಯಲ್ಲೇ ತೋರಿಸಬೇಕು. ಅಲ್ಲಿ ಅಂಥ ಆಸ್ಪತ್ರೆಗೆ ಹೋಗಲು ಒಂದು ರಾತ್ರಿಯ ಪ್ರಯಾಣ. ಇದಿಷ್ಟೂ ನಿಜವೇ.

“ಶನಿವಾರ ಅಮ್ಮನ್ನ ಟೆಸ್ಟ್ ಮಾಡು,” ಅಂದಿದ್ದ ಗಂಡ. “ಕಿವಿ ಹಾಗೇ ಇದ್ರೆ ಬೇಡ, ಇಲ್ಲೇ ಕೊಳೆಯೋಣ. ಸ್ವಲ್ಪ ಸುಧಾರಿಸಿದ್ರೂ ಸಾಕು, ಹೊರಡೋದೇ. ನೀನು ಏನು ಬರೀತೀಯೋ ಅದೇ ಕೊನೆ.”

ಅತ್ತೆ ಬಕೆಟ್ ತುಂಬಿಸಿ ಬಂದು ಮಲಗಿದರು. ನಾನು ಬೆಳಗಿನವರೆಗೆ ಎರಡು ವರ್ಷಗಳ ಮಾತುಗಳನ್ನು ಒಂದೊಂದಾಗಿ ನೆನಪಿಸಿಕೊಂಡೆ. ಅವರ ಕಿವಿ ಹೋದ ಮೇಲೆ ನಾವು ಪಿಸುಗುಡುವುದನ್ನೇ ಬಿಟ್ಟಿದ್ದೆವು. ಅವರ ಕೆಮ್ಮಿಗೆ ನಾನು ‘ಲಾರಿ’ ಎಂದು ಹೆಸರಿಟ್ಟಿದ್ದೆ. ಲಾರಿ ಸ್ಟಾರ್ಟ್ ಆಯ್ತು ಎಂದರೆ ಗಂಡ ದಿಂಬಿಗೆ ಮುಖ ಒತ್ತಿ ನಗುತ್ತಿದ್ದ. ಅವನಿಗೆ ಮಗು ಬೇಕಿತ್ತು, ಈ ಕೋಣೆಯಲ್ಲಿ ನನಗೆ ಬೇಡವಾಗಿತ್ತು. ಆ ಜಗಳವೂ, ಅದರ ಅಳುವೂ, ಆಮೇಲಿನ ರಾಜಿಯೂ ಬೀರುವಿನ ಈಚೆಯೇ ನಡೆದಿದ್ದವು. ದನಿ ತಗ್ಗಿಸದೆ.

ನೀರಿಗಾಗಿ ಅಭ್ಯಾಸಬಲದಿಂದ ಎದ್ದಿರಬಹುದು ಎಂದು ಸಮಾಧಾನ ಹೇಳಿಕೊಂಡೆ. ಶುಕ್ರವಾರ ಸಂಜೆ ಅವರು ಮಿಷನ್ ಹಾಕಿಕೊಂಡು ಬಟಾಣಿ ಸುಲಿಯುತ್ತಿದ್ದಾಗ ಬೆನ್ನ ಹಿಂದೆ ಬೇಕೆಂದೇ ಒಂದು ಚಮಚ ಬೀಳಿಸಿದೆ. ತಿರುಗಿ ನೋಡಲಿಲ್ಲ. ಬೆರಳುಗಳು ಮಾತ್ರ ಒಂದು ಕ್ಷಣ ನಿಂತು, ಮತ್ತೆ ಸುಲಿಯತೊಡಗಿದವು. ಆಗ ನನಗೆ ಖಾತ್ರಿಯಾಯಿತು. ಮಿಷನ್ ಹಾಕಿಕೊಂಡ ನಿಜವಾದ ಕಿವುಡರಿಗೆ ಆ ಸದ್ದು ಕೇಳಿಸಲೇಬೇಕು. ಅದೂ ಕೇಳಿಸದಂತೆ ಕೂರುವುದು ನಟಿಸುವವರು ಮಾತ್ರ.

ಶನಿವಾರ ಮಧ್ಯಾಹ್ನ, ರೋಗಿಗಳೆಲ್ಲ ಹೋದ ಮೇಲೆ, ಅತ್ತೆಯನ್ನು ಪೆಟ್ಟಿಗೆಯಲ್ಲಿ ಕೂರಿಸಿದೆ. ನಾವು ಅದನ್ನು ಪೆಟ್ಟಿಗೆ ಎಂದೇ ಕರೆಯುವುದು: ಹೊರಗಿನ ಸದ್ದು ಬಾರದಂತೆ ಗೋಡೆಗೆಲ್ಲ ಸ್ಪಂಜು ಅಂಟಿಸಿದ ಪುಟ್ಟ ಕೋಣೆ, ಒಂದು ಕುರ್ಚಿ, ದಪ್ಪ ಗಾಜಿನ ಕಿಟಕಿ. ಕಿಟಕಿಯ ಈಚೆ ನಾನು, ನನ್ನ ಯಂತ್ರ, ಮೈಕು. ಹೆಡ್‌ಫೋನ್ ತೊಡಿಸಿ, ಬಾಗಿಲು ಮುಚ್ಚಿ ಈಚೆ ಬಂದೆ.

ಬಂದವರಿಗೆಲ್ಲ ನಾವು ಹೇಳುವುದು ಒಂದೇ ಮಾತು: ಕೇಳಿಸಿದರೆ ಬೆರಳೆತ್ತಿ. ಬೆರಳು ಏಳದಿದ್ದರೆ ಕೇಳಿಸಲಿಲ್ಲ ಎಂದು ನಂಬಬೇಕು. ಕಾರ್ಖಾನೆಯಿಂದ ಪರಿಹಾರ ಬೇಡಿ ಬರುವ ಕೆಲವರು ಬೇಕೆಂದೇ ಬೆರಳು ಮಡಿಸಿ ಕೂರುತ್ತಾರೆ. ಅಂಥವರಿಗಾಗಿ ಇನ್ನೊಂದು ಉಪಾಯವಿದೆ. ಎರಡು ವರ್ಷದ ಹಿಂದೆ ಅತ್ತೆಯ ಮೇಲೆ ಅದನ್ನು ಮಾಡಿರಲಿಲ್ಲ. ಮನೆಯವರನ್ನು ಯಾರು ಅನುಮಾನಿಸುತ್ತಾರೆ? ಈಗ ಚೀಟಿಯಲ್ಲಿ ಬರೆದು ತೋರಿಸಿದೆ: ಇವತ್ತು ಬೆರಳು ಬೇಡ. ಕೇಳಿಸಿದರೆ ಹೌದು ಅನ್ನಿ, ಕೇಳಿಸದಿದ್ದರೆ ಇಲ್ಲ ಅನ್ನಿ.

ಎಂಬತ್ತರಲ್ಲಿ ಸದ್ದು ಕೊಟ್ಟೆ. ಹೌದು ಅಂದರು. ನಲವತ್ತಕ್ಕೆ ಇಳಿಸಿದೆ. ಇಲ್ಲ. ಮೂವತ್ತು. ಇಲ್ಲ. ಆಮೇಲೆ ಅರ್ಧ ನಿಮಿಷ ಏನೂ ಕೊಡದೆ ಕಾದೆ. ಅವರೂ ಬಾಯಿ ಬಿಡಲಿಲ್ಲ. ಇಪ್ಪತ್ತೈದರಲ್ಲಿ ಕೊಟ್ಟೆ. ಸದ್ದು ನಿಂತ ಮರುಕ್ಷಣವೇ ಇಲ್ಲ ಅಂದರು.

ಕೇಳಿಸದವರಿಗೆ ಇಲ್ಲ ಎನ್ನುವ ಹೊತ್ತು ಗೊತ್ತಾಗುವುದು ಹೇಗೆ? ಅತ್ತೆಗೂ ಅದು ಆಗಲೇ ಹೊಳೆಯಿತು. ತುಟಿ ಅರ್ಧ ತೆರೆದೇ ಉಳಿಯಿತು.

ಮೈಕಿನ ಮಟ್ಟವನ್ನು ಪಿಸುಮಾತಿಗಿಂತ ಕೆಳಗಿಳಿಸಿ, ತುಟಿ ಕಾಣದಂತೆ ಬಾಯಿಗೆ ಫೈಲು ಅಡ್ಡ ಹಿಡಿದು ಹೇಳಿದೆ: “ಅತ್ತೆ, ವಾರಕ್ಕೇ ಮುಗೀಬೇಕಾದ ಬ್ಯಾಟರಿ ತಿಂಗಳುಗಟ್ಟಲೆ ಯಾಕೆ ಬರುತ್ತೆ ಅಂತ ನಾನು ಆಗಲೇ ಯೋಚನೆ ಮಾಡ್ಬೇಕಿತ್ತು.”

“ಬ್ಯಾಟರಿ ಹಾಕಿದ್ರೆ ತಲೆ ಸಿಡಿಯುತ್ತೆ ಕಣೇ,” ಅಂದರು ಗಾಜಿನ ಆಚೆಯಿಂದ. “ತೆಗೆದು ಹೊಲಿಗೆ ಡಬ್ಬಿಲಿ ಇಟ್ಟಿರ್ತೀನಿ.”

“ಯಾಕೆ ಹೀಗೆ ಮಾಡಿದ್ರಿ?”

“ನಾನು ಬಂದ ಹೊಸದರಲ್ಲಿ ನೀವಿಬ್ಬರೂ ಮಾತೇ ಆಡ್ತಿರಲಿಲ್ಲ. ಕಣ್ಣಲ್ಲೇ ಸನ್ನೆ, ಅಡುಗೆಮನೇಲಿ ಪಿಸಪಿಸ. ನನ್ನಿಂದ ಅಲ್ವಾ ಇದು ಅನ್ನಿಸ್ತು. ಎದ್ದು ಹೋಗೋಣ ಅಂದ್ರೆ ಎಲ್ಲಿಗೆ? ಇರೋದೇ ಒಂದು ಕೋಣೆ. ಅದಕ್ಕೆ ಕಿವಿ ಮುಚ್ಕೊಂಡೆ. ಆಮೇಲೆ ನೀವು ಜಗಳ ಆಡಿದ್ರಿ, ನಕ್ಕಿರಿ. ಮನೆ ಮನೆ ಥರ ಆಯ್ತು.” ಮತ್ತೆ ಸೇರಿಸಿದರು: “ಲಾರಿ ಅನ್ನೋ ಹೆಸರು ಚೆನ್ನಾಗಿದೆ. ನಗು ತಡೆಯೋಕೆ ಎಷ್ಟು ಕಷ್ಟ ಪಟ್ಟೆ ಗೊತ್ತಾ? ನಕ್ಕರೆ ಮತ್ತೆ ಲಾರಿ.”

ನನಗೆ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಫೈಲನ್ನು ಕೆಳಗಿಳಿಸಲೂ ಇಲ್ಲ. ನಿಮಗೆ ಹೋಗುವ ಮನಸ್ಸಿದೆಯೇ ಎಂದು ಅದರ ಮರೆಯಿಂದಲೇ ಕೇಳಿದೆ.

“ಮೂರು ಕೋಣೆ ಅಂತಾನಲ್ಲ ಅವನು. ನನ್ನ ಪಾಲಿಗೂ ಒಂದು ಬಾಗಿಲು ಬಂದ್ರೆ, ಕಿವಿ ವಾಪಸ್ ಬಂತು ಅಂತ ಹೇಳಬಹುದಿತ್ತು. ಯಾರ ಹತ್ರಾನೂ ನೆಟ್ಟಗೆ ಮಾತಾಡಿ ಎರಡು ವರ್ಷ ಆಯ್ತು.” ಹೆಡ್‌ಫೋನ್ ತೆಗೆದು ತೊಡೆಯ ಮೇಲಿಟ್ಟುಕೊಂಡರು. “ಈ ಊರು ಬಿಟ್ಟರೆ ನೀನು ಒಣಗಿ ಹೋಗ್ತೀಯ, ಅದೂ ಗೊತ್ತು. ನಿದ್ದೇಲಿ ಕನವರಿಸ್ತೀಯ. ನೀನು ಆ ಹಾಳೆ ಮೇಲೆ ಏನು ಗೀಚ್ತೀಯೋ, ನನ್ನ ಕಿವಿ ಅಷ್ಟೇ.”

ವರದಿಯ ನಕ್ಷೆಯಲ್ಲಿ ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಕತ್ತರಿಗುರುತು. ಮೂವರು ಕಾರ್ಖಾನೆ ಕೆಲಸಗಾರರ ಸುಳ್ಳನ್ನು ಹಿಡಿದು ಅವರ ಪರಿಹಾರ ತಪ್ಪಿಸಿದ ಕೈ ನನ್ನದು. ಅದೇ ಕೈಯಲ್ಲಿ, ಹಳೆಯ ವರದಿಯನ್ನು ಪಕ್ಕಕ್ಕಿಟ್ಟುಕೊಂಡು, ಎಪ್ಪತ್ತರ ಗೆರೆಯ ಮೇಲೆ ಒಂದೊಂದೇ ಗುರುತು ಹಾಕಿದೆ. ಅವು ಎಲ್ಲಿ ಬೀಳುತ್ತಿವೆ ಎಂಬುದು ಅತ್ತೆಗೆ ಗಾಜಿನಿಂದ ಕಾಣುತ್ತಿತ್ತು. ಮನೆಗೆ ಬರುವಾಗ ಬಸ್ಸಿನಲ್ಲಿ ಕಿವಿಗೆ ಮಿಷನ್ ಸಿಕ್ಕಿಸಿಕೊಂಡು ಕೂತರು.

ಭಾನುವಾರ ಸಂಜೆ ಗಂಡ ವರದಿಯನ್ನು ಎರಡು ಸಲ ನೋಡಿ ನನಗೆ ವಾಪಸ್ ಕೊಟ್ಟ. ಬೀರುವಿಗೆ ಒರಗಿ ಕೂತು ಫೋನಿನಲ್ಲಿ ಕಂಪನಿಗೆ ಉತ್ತರ ಬರೆಯತೊಡಗಿದ. ನಾನು ನೆಲದ ಮೇಲೆ ಬಟ್ಟೆ ಮಡಿಸುತ್ತಿದ್ದೆ. ಅತ್ತೆ ಆಚೆ ಗೋಡೆಗೆ ಮುಖ ಮಾಡಿ ಮಲಗಿದ್ದರು; ಬೀರುವಿನ ಪಕ್ಕದ ಸಂದಿಯಲ್ಲಿ ಅವರ ಬೆನ್ನೂ ಸೊಂಟದ ಮೇಲಿಟ್ಟ ಬಲಗೈಯೂ ನನಗೆ ಕಾಣುತ್ತಿದ್ದವು. ಮಿಷನ್ ಇದ್ದರೂ ಎದುರು ನಿಂತು ಹೇಳದ ಮಾತು ಅವರಿಗೆ ತಿಳಿಯುವುದಿಲ್ಲ ಎಂಬುದು ಎರಡು ವರ್ಷಗಳಿಂದ ಗಂಡನ ನಂಬಿಕೆ.

“ತಾಯಿಯ ಅನಾರೋಗ್ಯದ ಕಾರಣ ಬರಲಾಗುವುದಿಲ್ಲ,” ಎಂದು ಬರೆದದ್ದನ್ನು ಗಟ್ಟಿಯಾಗಿ ಓದಿದ. ಫೋನನ್ನು ಮಂಡಿಯ ಮೇಲಿಟ್ಟು ಅದೇ ದನಿಯಲ್ಲಿ ಅಂದ: “ಹೋಗ್ಲಿ ಬಿಡು. ಅಮ್ಮ ಇನ್ನೆಷ್ಟು ದಿನ ಇರ್ತಾಳೆ. ಅವಳದ್ದು ಮುಗಿದ ಮೇಲೆ ನಮ್ಮನ್ನ ಹಿಡಿಯೋರು ಯಾರು?”

ಅವನ ಮಾತಿನಲ್ಲಿ ಕೆಡುಕಿರಲಿಲ್ಲ, ದಣಿವಿತ್ತು. ಸಂದಿಯಲ್ಲಿ ಕಾಣುತ್ತಿದ್ದ ಕೈ ಹೊದಿಕೆಯ ಅಂಚನ್ನು ಹಿಡಿದುಕೊಂಡಿತು.

ಮೆಲ್ಲಗೆ ಮಾತಾಡು ಎನ್ನುವಂತಿರಲಿಲ್ಲ, ಯಾಕೆಂದು ಕೇಳುತ್ತಿದ್ದ. ನಾನು ಹಾಕಿದ ಗುರುತುಗಳು ಅತ್ತೆಯನ್ನು ಇಲ್ಲಿಗೆ ತಂದು ನಿಲ್ಲಿಸಿದ್ದವು. ಮಗ ತನ್ನ ಸಾವಿಗೆ ಕಾಯುವುದನ್ನು ಕೇಳಿಸಿಕೊಂಡೂ ಆಕೆ ಕೇಳಿಸದವಳಂತೆ ಮಲಗಿರಬೇಕಿತ್ತು, ಇವತ್ತು, ಇನ್ನು ಮುಂದೆಯೂ.

“ಅದನ್ನ ಅಳಿಸು,” ಅಂದೆ. “ಕಾರಣ ಅಮ್ಮ ಅಲ್ಲ, ನಾನು. ಕಿವಿದು ಅಲ್ಲೂ ಹೇಗಾದ್ರೂ ಮಾಡ್ಕೋಬಹುದಿತ್ತು. ನನಗೆ ಈ ಊರು ಬಿಟ್ಟು ಬರೋಕೆ ಆಗಲ್ಲ. ಅಮ್ಮನ್ನ ಮುಂದೆ ಮಾಡಿ ಹಿಂದೆ ಅಡಗಿಕೊಂಡಿದ್ದೆ.”

ಅವನು ನನ್ನ ಕಡೆ ತಿರುಗಿದ. ಕೋಪ ಬರುತ್ತದೆಂದು ಕಾದೆ. ಬರಲಿಲ್ಲ, ಅದು ಬಂದಿದ್ದರೆ ಚೆನ್ನಾಗಿತ್ತು.

“ದಿನಾ ಬಸ್ಸಲ್ಲಿ ಕಾಲು ಜೋಮು ಹಿಡಿದಾಗ ಅಮ್ಮನಿಗೋಸ್ಕರ ಅಂದ್ಕೋತಿದ್ದೆ,” ಅಂದ. “ನಾನೊಬ್ಬನೇ ಹೋಗ್ತೀನಿ ಅಂದ್ರೆ?”

“ಹೋಗು. ತಡೆಯೋಕೆ ನನ್ನ ಹತ್ರ ಏನಿದೆ?”

ಬೆನ್ನು ತಿರುಗಿಸಿ ಕೂತು ಏನನ್ನೋ ಅಳಿಸಿದ, ಬರೆದ, ಮತ್ತೆ ಅಳಿಸಿದ. ನಾನು ಒಂದೇ ಅಂಗಿಯನ್ನು ಮೂರು ಸಲ ಮಡಿಸಿದೆ. ಆಮೇಲೆ ಫೋನು ಟಿಕ್ ಎಂದಿತು. ಪತ್ರ ಹೋದ ಸದ್ದು. ಹೆಚ್ಚೆಂದರೆ ಇಪ್ಪತ್ತೈದು ಡೆಸಿಬಲ್.

ಬೀರುವಿನ ಆಚೆ ಅತ್ತೆಯ ತೋರುಬೆರಳು ಹೊದಿಕೆಯಿಂದ ಮೇಲೆದ್ದಿತು. ಒಂದು ಕ್ಷಣ ನಿಂತು ಮಡಿಸಿಕೊಂಡಿತು.

“ಇಲ್ಲ ಅಂತ ಕಳಿಸಿದ್ದೀನಿ,” ಅಂದ ಗಂಡ. “ಕಾರಣದ ಜಾಗ ಖಾಲಿ ಬಿಟ್ಟೆ.” ಎದ್ದವ ಬೀರುವಿನ ಪಕ್ಕ ನಿಂತು ಆಚೆ ಇಣುಕಿದ. ಅವನಿಗೆ ಏನನ್ನಿಸಿತೋ, ಮೊದಲ ಬಾರಿಗೆ ದನಿ ತಗ್ಗಿಸಿ ಕೇಳಿದ: “ಅಮ್ಮನಿಗೆ ಏನಾದ್ರೂ ಕೇಳಿಸ್ತಾ?”

“ಇಲ್ಲ,” ಅಂದೆ. “ಹೇಗೆ ಕೇಳಿಸುತ್ತೆ?”

ಅವನು ಮುಖ ತೊಳೆಯಲು ಹೋದ. ಒಂಬತ್ತು ಗಂಟೆಯಾಗಿತ್ತು. ನಾನು ಎಂದಿನಂತೆ ಆಚೆ ಹೋಗಿ ಅತ್ತೆಯ ಕಿವಿಯಿಂದ ಮಿಷನ್ ತೆಗೆದೆ. ಅವರು ಕಣ್ಣು ತೆರೆಯಲಿಲ್ಲ, ತಲೆಯನ್ನು ಮಾತ್ರ ತುಸು ಓರೆ ಮಾಡಿಕೊಟ್ಟರು. ಬ್ಯಾಟರಿ ಕೂರುವ ಪುಟ್ಟ ಗೂಡನ್ನು ತೆರೆದು ನೋಡಿದೆ, ಖಾಲಿಯಿತ್ತು. ಗಂಡನಿಗಾಗಲಿ, ವರದಿಗೆ ಸಹಿ ಹಾಕುವ ಡಾಕ್ಟರಿಗಾಗಲಿ, ಯಾರಿಗೂ ಇದನ್ನು ಹೇಳುವುದಿಲ್ಲ ಎಂದು ಅಲ್ಲೇ, ಮಂಚದ ಅಂಚಿನಲ್ಲಿ ನಿಂತು, ನಿರ್ಧರಿಸಿದೆ. ಆಮೇಲೆ ಮಿಷನನ್ನು ಡಬ್ಬಿಯಲ್ಲಿಟ್ಟು, ಸದ್ದಾಗದಂತೆ ಮುಚ್ಚಳ ಹಾಕಿದೆ.