ಹೊನ್ನೆಯ ಜೋಡಿ ಬಟ್ಟಲು

ಕೊಯ್ದ ಮೇಲೂ ಮರ ಮಾತಾಡುತ್ತದೆ ಎಂಬುದು ಪಾಲಾಕ್ಷಪ್ಪನಿಗೆ ವಿಸ್ಮಯವಾಗಿರಲಿಲ್ಲ. ಅದು ಅವನ ಕಸುಬಿನ ಮೊದಲ ಪಾಠ. ಕಾನಹೊಸಹಳ್ಳಿಯ ತನ್ನ ಮನೆಯ ಮುಂದೆ, ತಗಡಿನ ಚಪ್ಪರದ ಕೆಳಗೆ, ಐವತ್ತು ವರ್ಷ ಡೊಳ್ಳು ಮಾಡಿದವನು ಅವನು. ದಿಮ್ಮಿಯ ಹೊಟ್ಟೆ ತೋಡಿ, ಚರ್ಮ ಬಿಗಿದು, ಅದರ ಮುಖಕ್ಕೆ ಬಲಗಿವಿ ಬಾಗಿಸಿ ಕೋಲಿನಿಂದ ಬಾರಿಸುತ್ತಿದ್ದ. ‘ಇನ್ನೂ ನಿದ್ದಿಗಣ್ಣಾಗ ಐತಿ’ ಎಂದರೆ ಮತ್ತೆ ಬಿಗಿಯಬೇಕು. ‘ಎದ್ದು ಕುಂತತು’ ಎಂದರೆ ಡೊಳ್ಳು ಮುಗಿಯಿತು. ಕೊಳ್ಳಲು ಬಂದವರು ಆ ಮಾತಿನ ಮೇಲೆ ಇನ್ನೊಂದು ಮಾತು ಆಡುತ್ತಿರಲಿಲ್ಲ.

ಹೀಗಿರುವಾಗ ಮೂರು ವರ್ಷದ ಹಿಂದೆ ಕೊಟ್ಟೂರಿನ ಗೀತಾಂಜಲಿ ಅವನ ಚಪ್ಪರದೊಳಗೆ ಬಂದಳು. ತಂದೆಯ ರೇಡಿಯೊ ರಿಪೇರಿ ಅಂಗಡಿ ಅವಳ ಕೈಗೆ ಬಂದಿತ್ತು. ರೇಡಿಯೊ ತರುವವರು ಇಲ್ಲವಾದ ಮೇಲೆ ಅವಳು ಹೆಡ್‌ಫೋನ್ ಜೋಡಿಸಿ ಅಂಚೆಯಲ್ಲಿ ಮಾರುವುದನ್ನು ಕಲಿತಿದ್ದಳು. ಕಿವಿಯ ಮೇಲೆ ಕೂರುವ ಪ್ಲಾಸ್ಟಿಕ್ ಬಟ್ಟಲೊಂದನ್ನು ಅವನ ಮುಂದಿಟ್ಟು, “ಇದನ್ನ ಮರದಾಗ ಮಾಡಾಕ ಬರ್ತೈತೇನ್ರಿ ಅಜ್ಜಾರ?” ಎಂದು ಕೇಳಿದಳು.

ಪಾಲಾಕ್ಷಪ್ಪ ಅದನ್ನು ಬೆರಳಿನಿಂದ ತಟ್ಟಿ ನೋಡಿ, ಮೂಗು ಮುರಿದ. “ಇದು ಮಾತಾಡೋದಲ್ಲ ತಾಯಿ, ಗೊಣಗೋದು.”

ಹಗರಿಬೊಮ್ಮನಹಳ್ಳಿಯ ಸಾಮಿಲ್ಲಿನಿಂದ ತಂದ ತುಂಡುಗಳಲ್ಲಿ ಅವನು ನಾಲ್ಕು ಜೋಡಿ ಮಾಡಿಕೊಟ್ಟ. ಗೀತಾಂಜಲಿ ನಾಲ್ಕಕ್ಕೂ ಒಂದೇ ಬಗೆಯ ಪುಟ್ಟ ಸ್ಪೀಕರು ಕೂರಿಸಿ, ಒಂದೇ ಹಾಡು ಹಾಕಿದಳು. ಸ್ಪೀಕರಿನ ದನಿ ಮುಂದಕ್ಕಷ್ಟೇ ಅಲ್ಲ, ಹಿಂದಕ್ಕೂ ಹೋಗಿ ಬಟ್ಟಲಿನ ಗೋಡೆಗೆ ತಾಗುತ್ತದೆ, ಮೆತ್ತನೆಯ ಮರ ಅದನ್ನು ನುಂಗುತ್ತದೆ, ಗಟ್ಟಿ ಮರ ತಿರುಗಿ ಕೊಡುತ್ತದೆ ಎಂದು ಅವಳು ವಿವರಿಸಿದಳು. ಪಾಲಾಕ್ಷಪ್ಪನಿಗೆ ವಿವರಣೆ ಬೇಕಿರಲಿಲ್ಲ. ಬೇವಿನ ಬಟ್ಟಲು ಹಾಕಿಕೊಂಡು, “ಬಾಯಾಗ ಎಲಿಅಡಕಿ ಇಟ್ಕಂಡು ಹಾಡಿದಂಗ ಐತಿ” ಎಂದ. ಶಿವನೆ ಹಗುರ ಮರ. ಅದರಲ್ಲಿ ತಬಲಾದ ತಗ್ಗು ದನಿ ದೊಡ್ಡದಾಗಿ, ಬಾವಿಯೊಳಗಿನಿಂದ ಬಂದಂತೆ ಕೇಳಿತು. ಹುಣಸೆಯ ತಿರುಳಿನದು ಗಟ್ಟಿ. ತಾಳದ ದನಿ ಕಂಚಿನ ತಟ್ಟೆ ಬಿದ್ದ ಹಾಗೆ ಎದ್ದು ಬಂತು, ಸ್ವಲ್ಪ ಹೊತ್ತಿಗೆ ಕಿವಿ ನೊಂದಿತು. ಕೊನೆಯದು ಹೊನ್ನೆ. ಅದನ್ನು ಹಾಕಿಕೊಂಡು ಅವನು ಹಾಡನ್ನು ಪೂರ್ತಿ ಕೇಳಿದ.

“ಇದು ಎದುರಿಗೆ ಕುಂತು ಹಾಡಿದಂಗ ಐತಿ. ಇದನ್ನ ಮಾಡೋಣು.”

ಅಂದಿನಿಂದ ಕೆಲಸ ಹಂಚಿಕೆಯಾಯಿತು. ತಂತಿಯ ಬೆಸುಗೆ ಅವಳದು, ಬಟ್ಟಲು ಅವನದು. ಎರಡು ಬಟ್ಟಲು ಸೇರಿಸಿ ಜೋಡಿ ಮಾಡುವ ಕೊನೆಯ ಮಾತು ಕೂಡ ಅವನದೇ, ಏಕೆಂದರೆ ಒಂದೇ ಹಲಗೆಯಿಂದ ಬಂದ ಎರಡು ತುಂಡುಗಳಿಗೂ ಒಂದೇ ದನಿ ಇರುವುದಿಲ್ಲ. ಎಡದ್ದನ್ನು ಎಡಗಿವಿಗೆ, ಬಲದ್ದನ್ನು ಬಲಗಿವಿಗೆ ಹಿಡಿದು ಉಗುರಿನಿಂದ ತಟ್ಟುತ್ತಿದ್ದ. ಹಿಂದುಳಿದ ಬಟ್ಟಲಿನ ಗೋಡೆಯನ್ನು ಉಳಿಯಿಂದ ಇಷ್ಟಿಷ್ಟೇ ತೆಳುಮಾಡಿ, ಎರಡೂ ಒಂದೇ ಮಾತು ಹೇಳುವ ತನಕ ಬಿಡುತ್ತಿರಲಿಲ್ಲ. ಪ್ರತಿ ಪೆಟ್ಟಿಗೆಯಲ್ಲೂ ಗೀತಾಂಜಲಿ ಒಂದು ಚೀಟಿ ಇಡುತ್ತಿದ್ದಳು: ‘ಕಿವಿಯಿಂದ ಜೋಡಿಸಿದವರು: ಪಾಲಾಕ್ಷಪ್ಪ, ಕಾನಹೊಸಹಳ್ಳಿ.’ ಅವನು ಮಾಡಿದ ನೂರಾರು ಡೊಳ್ಳುಗಳಲ್ಲಿ ಒಂದರ ಮೇಲೂ ಅವನ ಹೆಸರಿರಲಿಲ್ಲ. ಮೊದಲ ಚೀಟಿಯನ್ನು ಅವನು ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿದ್ದ. ಕ್ಷೌರ ಮಾಡಿಕೊಳ್ಳುವಾಗ ಮುಖದ ಜೊತೆಗೆ ಹೆಸರೂ ಕಾಣುತ್ತಿತ್ತು.

ಒಂದು ಶನಿವಾರ ಅವನು ಹಡಗಲಿಯ ಸಂಗೀತ ಶಾಲೆಯೊಂದಕ್ಕೆ ಹೋಗಬೇಕಾದ ಇಪ್ಪತ್ತು ಜೋಡಿ ಬಟ್ಟಲುಗಳನ್ನು ಚೀಲದಲ್ಲಿಟ್ಟುಕೊಂಡು ಕೊಟ್ಟೂರಿಗೆ ಹೋದಾಗ, ಗೀತಾಂಜಲಿಯ ಮೇಜಿನ ಮೇಲೆ ಒಂದು ಹೆಡ್‌ಫೋನ್ ವಾಪಸು ಬಂದು ಕೂತಿತ್ತು. ಹರಪನಹಳ್ಳಿಯ ಹಾಡಿನ ಟೀಚರು ನಾಗಲಿಂಗಮ್ಮ ಕಳಿಸಿದ್ದರು. ಅವರ ಮಾತನ್ನು ಗೀತಾಂಜಲಿ ಫೋನಿನಲ್ಲೇ ಕೇಳಿಸಿದಳು: “ದನಿ ಏನೋ ಚೆನ್ನಾಗೈತೆ ಕಣಮ್ಮ. ಆದ್ರೆ ಹಾಡೋಳು ಬಲಗಡೆ ಸರ್ಕೊಂಡು ಕೂತಾಳೆ. ಅವಳನ್ನ ನಡುವೆ ಕೂರ್ಸಿ ಕಳಿಸ್ರಿ.”

ಪಾಲಾಕ್ಷಪ್ಪ ಹೆಡ್‌ಫೋನ್ ಹಾಕಿಕೊಂಡ. “ನಟ್ಟನಡುವೆ ಅದಾಳಲ್ಲ!”

ಗೀತಾಂಜಲಿ ಹಾಕಿಕೊಂಡಳು. ಕೆಳತುಟಿ ಕಚ್ಚಿಕೊಂಡಳು. “ಸ್ವಲ್ಪ ಬಲಕ್ಕ ಅದಾಳ ಅನಸ್ತೈತ್ರಿ. ಹೋದ ತಿಂಗಳು ಇನ್ನೂ ಇಬ್ಬರು ಹಿಂಗ ಅಂದಿದ್ರು. ನಾನು ತಂತಿ ತಪ್ಪು ಅಂದ್ಕಂಡು ಬೆಸುಗಿ ಬಿಚ್ಚಿ ಮತ್ತ ಹಾಕಿದ್ದೆ.”

ಕಸುಬುದಾರನ ಬಾಯಲ್ಲಿ ಉತ್ತರ ಯೋಚನೆಗಿಂತ ಮೊದಲು ಹುಟ್ಟುತ್ತದೆ. “ನೋಡು ತಾಯಿ, ಡೊಳ್ಳಿಗೆ ಎರಡು ಮುಖ. ಒಂದಕ್ಕ ಕೋಲು, ಒಂದಕ್ಕ ಕೈ. ಎರಡೂ ಒಂದ ದನಿ ಕೊಟ್ರ ಅದು ಡೊಳ್ಳಲ್ಲ, ಡಬ್ಬಿ. ನನ್ನ ಕೈ ಹಂಗ ಬೆಳದೈತಿ. ಬಲ ಒಂಚೂರು ಮುಂದ ಇರ್ತೈತಿ. ಅದು ತಪ್ಪಲ್ಲ, ಪದ್ಧತಿ.”

ಹೇಳುತ್ತ ಹೇಳುತ್ತ ಅದು ಅವನಿಗೇ ನಿಜವೆನ್ನಿಸಿತು. ಗೀತಾಂಜಲಿಯ ಮುಖವೂ ಅರಳಿತು. “ಹಂಗಾದ್ರ ಅದನ್ನ ಚೀಟಿಯಾಗ ಹಾಕೋಣ್ರಿ! ‘ಡೊಳ್ಳಿನ ಎರಡು ಮುಖಗಳಂತೆ ಎರಡು ದನಿ.’ ಇದು ಬ್ಯಾರೆ ಯಾರ ಹತ್ರನೂ ಇಲ್ಲ. ನಾಳಿ ಹನ್ನೊಂದಕ್ಕ ಪ್ರೆಸ್ಸಿಗೆ ಕೊಡ್ತೀನಿ, ಸೋಮವಾರ ಮಾಲು ಹಡಗಲಿಗೆ.”

ವಾಪಸು ಬಂದ ಹೆಡ್‌ಫೋನನ್ನೂ, ಅದಕ್ಕೆ ಸಿಕ್ಕಿಸಲು ಅವಳ ಹಳೆಯ ಫೋನೊಂದನ್ನೂ ಅವನು ಕೇಳಿ ತೆಗೆದುಕೊಂಡ. “ಮನಿಯಾಗ ಇನ್ನೊಂದ್ಸಲ ಕೇಳಿ ನೋಡ್ತೀನಿ” ಎಂದ. ಬಸ್ಸಿನಲ್ಲಿ ಕೂತಾಗ ‘ಪದ್ಧತಿ’ ಎಂಬ ಮಾತು ಬಾಯಿಗೆ ಸಿಕ್ಕ ಮರದ ಸಿಬಿರಿನಂತೆ ಚುಚ್ಚತೊಡಗಿತ್ತು. ಡೊಳ್ಳಿನ ಎರಡು ದನಿಯನ್ನು ಅವನು ಬೇಕೆಂದೇ ಮಾಡುತ್ತಿದ್ದ. ಈ ಬಟ್ಟಲುಗಳನ್ನು ಒಂದೇ ದನಿ ಇರಲಿ ಎಂದು ಮಾಡಿದ್ದ.

ಮನೆಯಲ್ಲಿ ಹೆಂಡತಿ ದ್ಯಾಮಕ್ಕ ಬಿಸಿಲಿಳಿದ ಚಪ್ಪರದಲ್ಲಿ ಶೇಂಗಾ ಸುಲಿಯುತ್ತಿದ್ದಳು. ಅವನು ಹೆಡ್‌ಫೋನನ್ನು ಅವಳ ತಲೆಗೆ ತೊಡಿಸಿದ.

“ಲೇ ದ್ಯಾಮಿ, ಹಾಡಾಕಿ ಎಲ್ಲಿ ಕುಂತಾಳ ಹೇಳು.”

“ನೀನೊಬ್ಬನು ನನ್ನ ತಲಿ ಮ್ಯಾಲ ಕುಂತಿದ್ದು ಸಾಲ್ದಾತೇನು?” ಎಂದಳು, ಆದರೂ ಕಣ್ಣು ಮುಚ್ಚಿ ಕೇಳಿ, ಶೇಂಗಾ ಹಿಡಿದ ಕೈಯನ್ನೇ ಬಲಕ್ಕೆ ಚಾಚಿದಳು. “ಈ ಕಡಿ.”

ಹೆಡ್‌ಫೋನನ್ನು ಹಿಂದುಮುಂದು ಮಾಡಿ ಹಾಕಿದ.

“ಈಗ ಈ ಕಡಿ ಬಂದ್ಲು ನೋಡು.” ಕೈ ಎಡಕ್ಕೆ ಹೋಯಿತು.

“ಎಷ್ಟು?”

“ಎಷ್ಟಂದ್ರ? ಮೊದ್ಲು ಅಲ್ಲಿ ಎಷ್ಟಿದ್ಲೋ, ಈಗ ಇಲ್ಲಿ ಅಷ್ಟ.”

ಹಾಗೆ ತಿರುಗಿಸಿದ್ದನ್ನೇ ಪಾಲಾಕ್ಷಪ್ಪ ಹಾಕಿಕೊಂಡ. ಹಾಡು ಪೂರ್ತಿಯಾಗಿ ಎಡಕ್ಕೆ ಹೋಗಿ ನಿಂತಿತು. ಬಲಗಡೆಯಲ್ಲಿ, ಬಾಗಿಲು ಮುಚ್ಚಿದ ಮನೆಯಂತೆ, ಯಾರೋ ಇದ್ದಾರೆಂಬ ಸುಳಿವು ಮಾತ್ರ ಇತ್ತು.

ಅವನು ಹೆಡ್‌ಫೋನ್ ತೆಗೆದು ಕೆಳಗಿಟ್ಟ. ಕೆಲಸದ ಮಣೆಯ ಮೇಲಿದ್ದ ಒಂದು ಬರಿಯ ಬಟ್ಟಲನ್ನು ಎತ್ತಿ, ಎಡಗಿವಿಗೆ ಹಿಡಿದು ಉಗುರಿನಿಂದ ತಟ್ಟಿದ. ಎದ್ದು ಕುಂತಿತ್ತು. ಅದೇ ಬಟ್ಟಲನ್ನು ಬಲಗಿವಿಗೆ ಹಿಡಿದು ತಟ್ಟಿದ. ನಿದ್ದೆಗಣ್ಣಿನಲ್ಲಿತ್ತು. ಮೂರು ವರ್ಷದಲ್ಲಿ ಒಮ್ಮೆಯೂ ಒಂದೇ ಬಟ್ಟಲನ್ನು ಎರಡೂ ಕಿವಿಗೆ ಹಿಡಿದವನಲ್ಲ ಅವನು. ಯಾಕೆ ಹಿಡಿಯಬೇಕಿತ್ತು? ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ. ಪ್ರತಿ ಜೋಡಿಯಲ್ಲೂ ಬಲದ ಬಟ್ಟಲು ಹಿಂದುಳಿದಿದೆಯೆಂದು ಅದರ ಗೋಡೆಯನ್ನು ತೆಳುಮಾಡಿದ್ದ. ಹಿಂದುಳಿದದ್ದು ಬಟ್ಟಲಾಗಿರಲಿಲ್ಲ.

“ಐವತ್ತು ವರ್ಷ ಆ ಕಿವಿ ಡೊಳ್ಳಿಗೆ ಕೊಟ್ಟಿ” ಎಂದಳು ದ್ಯಾಮಕ್ಕ, ಶೇಂಗಾ ಸುಲಿಯುವುದನ್ನು ನಿಲ್ಲಿಸದೆ. “ಡೊಳ್ಳು ಇಸ್ಕಂತು.”

“ನಿನಗ ಗೊತ್ತಿತ್ತೇನು?”

“ಆರು ವರ್ಷ ಆತು. ನಾನು ಯಾವಾಗ್ಲೂ ಈ ಕಡಿಗೇ ಯಾಕ ಕುಂದರ್ತೀನಿ ಅಂದ್ಕಂಡಿದ್ದಿ? ಎಡಗಡಿಯಿಂದ ನೀನು ಚೆಂದ ಕಾಣ್ತಿ ಅಂತೇನು?”

“ಹೇಳಬಾರ್ದಿತ್ತಾ?”

“ಹೇಳಿದ್ನಲ್ಲ. ಬಲಗಡಿ ಕುಂತು ಹೇಳಿದ್ದೆ.”

ಅವನಿಗೆ ನಗು ಬಂತು, ಉಳಿಯಲಿಲ್ಲ. ಸುಮ್ಮನಿದ್ದರೆ ನಾಳೆ ಹನ್ನೊಂದಕ್ಕೆ ಅವನ ಮಾತು ಅಚ್ಚಾಗುತ್ತದೆ, ಇಪ್ಪತ್ತು ಪೆಟ್ಟಿಗೆಯಲ್ಲಿ ಹಡಗಲಿಗೆ ಹೋಗುತ್ತದೆ. ಅಲ್ಲಿನ ಮಕ್ಕಳು ಅವನ ಕಿವುಡನ್ನು ಕಿವಿಗೆ ಹಾಕಿಕೊಂಡು ರಾಗ ಕಲಿಯುತ್ತಾರೆ. ಹೇಳಿದರೆ ಚೀಟಿಯಿಂದ ಹೆಸರು ಹೋಗುತ್ತದೆ. ಆಮೇಲೆ ಅವನು ಬಟ್ಟಲು ಕೊರೆಯುವವನು ಮಾತ್ರ. ಸಾಮಿಲ್ಲಿನ ಯಂತ್ರವೂ ಕೊರೆಯುತ್ತದೆ.

ಬೆಳಗ್ಗೆ ಕ್ಷೌರ ಮಾಡಿಕೊಳ್ಳುವಾಗ ಕನ್ನಡಿಯ ಚೀಟಿಯನ್ನು ನೋಡಿದ. ಅದನ್ನು ಅಲ್ಲೇ ಬಿಟ್ಟು, ನಾಗಲಿಂಗಮ್ಮನವರ ಹೆಡ್‌ಫೋನನ್ನು ಚೀಲಕ್ಕೆ ಹಾಕಿಕೊಂಡು, ಮೊದಲ ಬಸ್ಸಿಗೆ ಕೊಟ್ಟೂರಿಗೆ ಹೊರಟ.

ಗೀತಾಂಜಲಿ ಅಂಗಡಿಯ ಬಾಗಿಲು ತೆಗೆಯುತ್ತಿದ್ದಳು. ಅವನು ಕೂರಲೂ ಇಲ್ಲ.

“ನಿನ್ನೆ ಪದ್ಧತಿ ಅಂದ್ನಲ್ಲ ತಾಯಿ, ಅದು ಪದ್ಧತಿ ಅಲ್ಲ. ನನ್ನ ಬಲಗಿವಿ ಹೋಗೈತಿ. ಪೂರ್ತಿ ಅಲ್ಲ, ಸಣ್ಣ ದನಿ ಕೇಳಂಗಿಲ್ಲ. ಅದಕ್ಕ ಬಲದ ಬಟ್ಟಲನ್ನ ಜೋರು ಮಾಡಿ ಮಾಡಿ ಕೊಟ್ಟೀನಿ. ಪ್ರೆಸ್ಸಿಗೆ ಕೊಡಬ್ಯಾಡ.”

ಗೀತಾಂಜಲಿ ಬೀಗವನ್ನು ಕೊಂಡಿಗೆ ಸಿಕ್ಕಿಸಿದಳು. “ನನಗೂ ಹಂಗ ಅನಿಸಿತ್ರಿ” ಎಂದಳು. “ನಿಮ್ಮನ್ನ ಹೆಂಗ ಕೇಳಲಿ ಅಂತ ಸುಮ್ಮನಾದೆ. ನೀವ ಡೊಳ್ಳಿನ ಮಾತು ಹೇಳಿದ ಕೂಡ್ಲೆ, ಸದ್ಯ ಬಚಾವಾದೆ ಅನಸ್ತು.” ಬಾಗಿಲನ್ನು ಪೂರ್ತಿ ತೆರೆದು, “ದನಿ ಅಳೆಯೋದು ಫೋನಿನಾಗೂ ಬಂದೈತ್ರಿ” ಎಂದಳು.

“ತಾ ಅದನ್ನೂ. ಮೊದ್ಲು ನಲವತ್ತೂ ಬಟ್ಟಲು ಇಲ್ಲಿ ಸುರುವು.”

ನಲವತ್ತು ಬಟ್ಟಲುಗಳು ಮೇಜಿನ ಮೇಲೆ ಹರಡಿದವು. ರಾತ್ರಿ ಮಲಗುವ ಮುನ್ನವೇ ಪಾಲಾಕ್ಷಪ್ಪ ಲೆಕ್ಕ ಹಾಕಿಟ್ಟಿದ್ದ: ತಪ್ಪು ಎಲ್ಲ ಜೋಡಿಯಲ್ಲೂ ಒಂದೇ ಕಡೆಗೆ ಆಗಿದ್ದರೆ, ಬಲದವನ್ನು ಬಲದವುಗಳ ಜೊತೆ, ಎಡದವನ್ನು ಎಡದವುಗಳ ಜೊತೆ ಕೂಡಿಸಿದರಾಯಿತು. ಬಟ್ಟಲು ದುಂಡಗಿದೆ, ಯಾವ ಕಿವಿಗಾದರೂ ಕೂರುತ್ತದೆ. ಅವನು ಬಲಗಿವಿಗೆ ಹತ್ತಿ ತುರುಕಿಕೊಂಡ. ಒಂದೊಂದನ್ನೂ ಎಡಗಿವಿಗೆ ಮಾತ್ರ ಹಿಡಿದು ತಟ್ಟಿ, ಜೋರು ದನಿಯವನ್ನು ಒಂದು ಗುಂಪಿಗೆ, ಹಿಂದುಳಿದ ದನಿಯವನ್ನು ಇನ್ನೊಂದಕ್ಕೆ ಸರಿಸಿದ. ಆಮೇಲೆ ಆಯಾ ಗುಂಪಿನೊಳಗೆ ಒಂದಕ್ಕೊಂದು ಒಪ್ಪುವುದನ್ನು ಹುಡುಕಿದ. ಮಧ್ಯಾಹ್ನದ ಊಟದ ಹೊತ್ತಿಗೆ ಹದಿನೆಂಟು ಜೋಡಿ ಕೂಡಿದವು. ನಾಲ್ಕು ಬಟ್ಟಲು ಯಾವುದರ ಜೊತೆಗೂ ಸೇರಲಿಲ್ಲ. ಅವಕ್ಕೆ ಹೊಸ ಸಂಗಾತಿಗಳನ್ನು ಕೊರೆಯಬೇಕು.

ಗೀತಾಂಜಲಿ ಪ್ರತಿ ಜೋಡಿಗೂ ಸ್ಪೀಕರು ಕೂರಿಸಿ ಫೋನಿನಿಂದ ಅಳೆದಳು. ಹದಿನೇಳರಲ್ಲಿ ಫೋನು ಅವನ ಮಾತನ್ನೇ ಹೇಳಿತು. ಒಂದರಲ್ಲಿ ಬೇರೆ ಹೇಳಿತು. ಅವನು ಆ ಜೋಡಿಯನ್ನು ಮತ್ತೆ ತಟ್ಟಿ ನೋಡಿ, “ಫೋನು ಹೇಳಿದ್ದ ಖರೆ” ಎಂದು ಒಪ್ಪಿ ಉಳಿಯನ್ನು ತೆಗೆದುಕೊಂಡ.

“ಚೀಟಿ ಹೆಂಗ ಮಾಡೋಣ್ರಿ ಅಜ್ಜಾರ?” ಎಂದು ಗೀತಾಂಜಲಿ ಕೇಳಿದಳು. ಕೇಳುವಾಗ ಎದ್ದು ಬಂದು ಅವನ ಎಡಕ್ಕೆ ನಿಂತಿದ್ದಳು. ಅದನ್ನು ಅವನು ಗಮನಿಸಿದ.

“ನನ್ನ ಹೆಸರು ತಗದುಬಿಡು.”

“ಹದಿನೇಳು ಜೋಡಿ ಬರೇ ಕಿವಿಲಿಂದ ಹೊಂದಿಸೀರಿ. ನಾನ್ಯಾಕ ತಗೀಲಿ?”

ಪಾಲಾಕ್ಷಪ್ಪ ಬಟ್ಟಲಿನ ಒಳಗಿನ ಪುಡಿಯನ್ನು ಊದಿದ. “ಹಂಗಾದ್ರ ಎಡಗಿವಿಯಿಂದ ಜೋಡಿಸಿದ್ದು ಅಂತ ಹಾಕು.”

“ಓದಿದೋರು ಏನಂದ್ಕಂತಾರ್ರಿ?”

“ಇವಗ ಒಂದಾದ್ರೂ ಕಿವಿ ಐತಿ ಅಂದ್ಕಂತಾರ.”

ಗೀತಾಂಜಲಿ ನಗುತ್ತ ಕಾಗದ ಎಳೆದುಕೊಂಡು ಹಾಗೆಯೇ ಬರೆದಳು.

ಸಂಜೆ ಅವನು ಊರಿಗೆ ಹೊರಟಾಗ ನಾಗಲಿಂಗಮ್ಮನವರ ಹೆಡ್‌ಫೋನ್ ಮಾತ್ರ ಮೇಜಿನ ಮೇಲೆ ಉಳಿದಿತ್ತು. ಅವರಿಗೆ ಹೊಸ ಜೋಡಿ ಹೋಗಲಿತ್ತು. “ಇದನ್ನ ಬಿಚ್ಚಿ ಬಟ್ಲು ಬ್ಯಾರೆ ಮಾಡ್ತೀನ್ರಿ” ಎಂದು ಗೀತಾಂಜಲಿ ಕೈಚಾಚಿದಾಗ, ಅವನು ಅದನ್ನು ಮೊದಲೇ ಎತ್ತಿಕೊಂಡಿದ್ದ.

“ಇದು ನಂದು. ನನ್ನ ಅಳತಿಗೆ ಮಾಡಿದ್ರಾಗ ಉಳದದ್ದು ಇದೊಂದ.”

ಮನೆಯ ಚಪ್ಪರದಲ್ಲಿ ಇನ್ನೂ ಬೆಳಕಿತ್ತು. ದ್ಯಾಮಕ್ಕ ಎಡಗಡೆ ಬಂದು ಕೂತಳು. ಅವನು ಹೆಡ್‌ಫೋನ್ ಹಾಕಿಕೊಂಡು ಅದೇ ಹಾಡನ್ನು ಹಚ್ಚಿದ. ತಂಬೂರಿ ಎರಡೂ ಕಡೆಯಿಂದ ಬಂತು. ಎಷ್ಟೋ ವರ್ಷದಿಂದ ಅರ್ಧ ಮಾತ್ರ ತೆರೆದಿದ್ದ ತಲೆಯೊಳಗೆ ಹಾಡುವವಳು ಬಂದು ಎದುರಿಗೆ ಕೂತಳು. ಶನಿವಾರ ಅಂಗಡಿಯಲ್ಲಿ ಅವನು ಅವಳನ್ನು ನಟ್ಟನಡುವೆ ಇದ್ದಾಳೆ ಎಂದಿದ್ದ. ಈಗ ತನಗಾಗಿಯೇ ಕೇಳುತ್ತಿದ್ದುದರಿಂದ, ಕೊನೆಯವರೆಗೆ ತಾಳ್ಮೆಯಿಂದ ಕೇಳಿದ. ನಟ್ಟನಡುವೆ ಇರಲಿಲ್ಲ. ಒಂದು ಕೂದಲೆಳೆಯಷ್ಟು ಎಡಕ್ಕಿದ್ದಳು.

ಅವನು ಹೆಡ್‌ಫೋನ್ ತೆಗೆದು ಬಲದ ಬಟ್ಟಲನ್ನು ಬಿಚ್ಚಿದ. ಸಣ್ಣ ಉಳಿಯನ್ನು ಹುಡುಕತೊಡಗಿದ.