ದಿನಾ ಇರೋ ಹಾಗೆ

ಮಕ್ಕಳ ಇಲಾಖೆಯಿಂದ ಫೋನ್ ಮಾಡಿದ ಹೆಂಗಸು ನಯವಾಗಿಯೇ ಮಾತಾಡಿದಳು.

"ಬರೋ ವಾರ ಯಾವುದಾದ್ರೂ ಒಂದು ದಿನ ನಿಮ್ಮ ಮನೆಗೆ ನಮ್ಮ ಅಧಿಕಾರಿ ಬರ್ತಾರೆ. ಬೆಳಿಗ್ಗೆ ಹತ್ತರಿಂದ ಒಂದು ಗಂಟೆ ಒಳಗೆ. ಅದಕ್ಕೆ ಅಂತ ಏನೂ ತಯಾರಿ ಬೇಡ. ದಿನಾ ಹೇಗಿರ್ತೀರೋ ಹಾಗೇ ಇರಿ."

ಹೇಳುವುದಕ್ಕೇನು, ಬಾಯಿಗೆ ಬಾಡಿಗೆಯೇ? ಫೋನ್ ಇಟ್ಟು ಕನ್ನಡಿಯ ಮುಂದೆ ಹೋಗಿ ನಿಂತೆ. ಬಣ್ಣಗೆಟ್ಟ ಗೌನು. ಅದರ ಎದೆಯ ಮೇಲೆ ಏಳೆಂಟು ಗುಂಡುಸೂಜಿ. ಕೊರಳಲ್ಲಿ ಅಳತೆ ಟೇಪು, ಕೂದಲ ಗಂಟಿನಲ್ಲಿ ಪೆನ್ಸಿಲ್ಲು, ಮೊಣಕೈವರೆಗೂ ದಾರದ ಚೂರು. ಇಪ್ಪತ್ತೆರಡು ವರ್ಷದಿಂದ ಕಂಡವರ ಬಟ್ಟೆಗಳನ್ನು ಸರಿಮಾಡಿಕೊಡುವ ಟೈಲರು ನಾನು. ನನ್ನನ್ನು ನೋಡಿದರೆ ಬಟ್ಟೆ ಕೊಡುವುದಿರಲಿ, ಕೊಟ್ಟದ್ದನ್ನೂ ವಾಪಸ್ ಕೇಳಬೇಕು, ಹಾಗಿದ್ದೆ.

ಅಧಿಕಾರಿ ಬರುತ್ತಿದ್ದದ್ದು ಬಾಬಿನ್‌ಳನ್ನು ನೋಡಲು. ಬಾಬಿನ್ ನನ್ನ ತಂಗಿಯ ಮಗಳು, ಆರು ವರ್ಷ. ಯಂತ್ರದ ಕೆಳಗೆ ದಾರ ಸುತ್ತಿಕೊಂಡು ಗಿರಗಿರ ತಿರುಗುವ ಬಾಬಿನ್ನಿನ ಹಾಗೆ ಒಂದು ಕಡೆ ನಿಲ್ಲುವವಳಲ್ಲ, ಅದಕ್ಕೇ ಆ ಹೆಸರು. ಅವಳ ಅಪ್ಪ ಮೊದಲೇ ತೀರಿಕೊಂಡಿದ್ದ. ಹೋದ ವರ್ಷ ತಂಗಿಯೂ ಹೋದಳು. ಒಂದು ಚೀಲ ಹಿಡಿದು ನನ್ನ ಮನೆಗೆ ಬಂದ ಹುಡುಗಿ ಒಂಬತ್ತು ತಿಂಗಳಲ್ಲಿ ಮನೆಯನ್ನೇ ತನ್ನದು ಮಾಡಿಕೊಂಡಳು. ಈಗ ಅವಳ ಅಪ್ಪನ ಅಕ್ಕ, ಅಂದರೆ ಅವಳ ಅತ್ತೆ, ಮಗುವನ್ನು ತನಗೆ ಕೊಡಿ ಎಂದು ಅರ್ಜಿ ಹಾಕಿದ್ದಾಳೆ. ಆಕೆಗೆ ಅಂಗಳವಿರುವ ಮನೆ, ಎರಡು ಸ್ನಾನದ ಕೋಣೆ, ಮಗುವಿಗೇ ಅಂತ ಒಂದು ಪ್ರತ್ಯೇಕ ಕೋಣೆ. ಕೆಟ್ಟವಳೇನಲ್ಲ, ಅದೇ ನನ್ನ ಕಷ್ಟ. ಕೆಟ್ಟವಳಾಗಿದ್ದರೆ ಬೈದುಕೊಂಡಾದರೂ ಹಾಯಾಗಿರುತ್ತಿದ್ದೆ. ಅವರ ಮನೆಯನ್ನು ಹೋದ ವಾರವೇ ನೋಡಿ ಆಗಿತ್ತು. ನನ್ನದನ್ನೂ ನೋಡಿದ ಮೇಲೆ ಅಧಿಕಾರಿ ಬರೆಯುವ ವರದಿಯೇ ಕೊನೆಯ ಮಾತು. ನನಗೆ ಅಂಗಳ ಹೊಲಿಯಲು ಬರುವುದಿಲ್ಲ. ಬಟ್ಟೆ ಹೊಲಿಯಲು ಬರುತ್ತದೆ.

ನನ್ನ ಅಂಗಡಿಗೆ ದೊಡ್ಡ ಮನೆಗಳ ಹೆಂಗಸರು ಬರುತ್ತಾರೆ. ಕೈಯಲ್ಲಿ ಒಂದು ಸಾದಾ ಬಿಳಿ ಅಂಗಿ. "ಏನೂ ಮಾಡಿಸಿಲ್ಲ ಅನ್ನೋ ಹಾಗೆ ಮಾಡ್ಕೊಡಿ" ಎನ್ನುತ್ತಾರೆ. ಅವರ ಮಾತಿಗೆ ಮೊದಮೊದಲು ನಗು ಬರುತ್ತಿತ್ತು, ಆಮೇಲೆ ಗುಟ್ಟು ತಿಳಿಯಿತು. ಭುಜದ ಹೊಲಿಗೆ ಮೂಳೆಯ ಮೇಲೇ ಕೂರಬೇಕು, ಕೂದಲೆಳೆಯಷ್ಟೂ ಆಚೀಚೆ ಆಗಬಾರದು. ತೋಳು ಎರಡು ಸುತ್ತು ಮಡಚಿದಾಗ ಮೊಣಕೈ ಕೆಳಗೆ ತಾನಾಗಿ ನಿಲ್ಲಬೇಕು. ಪ್ಯಾಂಟು ಕಾಲ ಹರಡಿನ ಗಂಟನ್ನು ಮುಟ್ಟಿದರೆ ಸಾಕು, ಮುಚ್ಚಬಾರದು. ಬಣ್ಣ ಎರಡೇ. ನೋಡಿದವರು 'ಕೈಗೆ ಸಿಕ್ಕಿದ್ದು ಹಾಕಿಕೊಂಡು ಬಂದಿದ್ದಾಳೆ, ಆದರೂ ಎಷ್ಟು ಚೆಂದ' ಎನ್ನಬೇಕು. ಆ 'ಕೈಗೆ ಸಿಕ್ಕಿದ್ದು' ಕೈಗೆ ಸಿಗುವ ಹೊತ್ತಿಗೆ ನನ್ನ ಬೆನ್ನು ಬಿದ್ದುಹೋಗಿರುತ್ತದೆ.

ಗಿರಾಕಿಗಳ ಕೆಲಸವನ್ನೆಲ್ಲ ಬದಿಗಿಟ್ಟು ಕೂತೆ. ನನಗೆ ಬೂದಿಬಣ್ಣದ ಅಂಗಿ, ಕಡುನೀಲಿ ಪ್ಯಾಂಟು. ಬಾಬಿನ್‌ಗೆ ಮಣ್ಣಿನ ಬಣ್ಣದ ಎರಡು ಫ್ರಾಕು, ಒಂದು ಒಗೆಯಲು, ಒಂದು ಹಾಕಲು. ಲೇಸಿಲ್ಲ, ಗುಂಡಿ ಕಾಣುವುದಿಲ್ಲ, ಎತ್ತಿ ಹಿಡಿದರೆ ನೀರಿನ ಹಾಗೆ ಬೀಳುತ್ತದೆ. ಹೊಸತು ಎಂದು ಗೊತ್ತಾಗಬಾರದಲ್ಲ, ಉಪ್ಪುನೀರಿನಲ್ಲಿ ನಾಲ್ಕು ಸಲ ಒಗೆದೆ. ನಂತರ ನಮ್ಮ ಮಹಡಿಯ ಕೆಳಗೇ ಅಂಗಡಿ ಇಟ್ಟಿರುವ ಇಸ್ತ್ರಿ ಅಣ್ಣನಿಗೆ ಕೊಟ್ಟು, ಗರಿಗರಿ ಬೇಡ, ಒಂದು ಹೊತ್ತು ತೊಟ್ಟು ಬಿಟ್ಟ ಹಾಗೆ ಇರಲಿ ಎಂದೆ.

ಅವನು ಕಣ್ಣು ಕಣ್ಣು ಬಿಟ್ಟ. "ಟೈಲರಕ್ಕ, ಮೂವತ್ತು ವರ್ಷದಲ್ಲಿ ಸುಕ್ಕು ಹಾಕ್ಕೊಡು ಅಂತ ಕೇಳಿದ್ದು ನೀವೊಬ್ರೇ."

"ತಮಾಷೆ ಮಾಡ್ಬೇಡ ಕಣಣ್ಣ. ನನ್ನ ಪ್ರಾಣ ಹೋಗ್ತಿದೆ."

ಅವನು ನಗು ನಿಲ್ಲಿಸಿದ. ಯಾರಾದರೂ ಫೈಲು ಹಿಡಿದು ನಮ್ಮ ಮೆಟ್ಟಿಲ ಕಡೆ ಬಂದರೆ ಇಸ್ತ್ರಿಪೆಟ್ಟಿಗೆಯನ್ನು ಮೇಜಿಗೆ ಎರಡು ಸಲ ಬಡಿಯುತ್ತೇನೆ ಎಂದು ಮಾತು ಕೊಟ್ಟ.

ಸೋಮವಾರ ಒಂಬತ್ತೂವರೆಗೆಲ್ಲ ಇಬ್ಬರೂ ಸಿದ್ಧ. ಮೇಜಿನ ಮೇಲೆ ಅರ್ಧ ಓದಿದ ಹಾಗೆ ಒಂದು ಪುಸ್ತಕ ಬೋರಲು ಹಾಕಿದೆ. ಕೂತರೆ ಮೊಣಕಾಲ ಹತ್ತಿರ ಪ್ಯಾಂಟು ಉಬ್ಬುತ್ತದೆಂದು ನಿಂತೇ ಇದ್ದೆ. ಶಾಲೆಗೆ ರಜೆ. ಬಾಬಿನ್ ನೆಲಕ್ಕೆ ಕೂರಲು ಹೋದಳು, ಗದರಿದೆ. ಕಿಟಕಿಯ ಧೂಳಿಗೆ ಒರಗಿದಳು, ಗದರಿದೆ. ಹನ್ನೊಂದಾಯಿತು, ಹನ್ನೆರಡಾಯಿತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದದ್ದೇ ಬಂತು, ಯಾರೂ ಬರಲಿಲ್ಲ. ಒಂದು ಗಂಟೆಗೆ ಬಟ್ಟೆ ಬಿಚ್ಚಿ ಹ್ಯಾಂಗರಿಗೆ ಹಾಕಿದೆವು.

ಮಂಗಳವಾರ ಹನ್ನೊಂದೂಕಾಲಿಗೆ ಕೆಳಗೆ ಟಕ್ ಟಕ್ ಎಂದಿತು. ಬಾಬಿನ್‌ಳ ಕೈಗೆ ಬಣ್ಣದ ಪೆನ್ಸಿಲ್ಲು ತುರುಕಿ, ಮುಖಕ್ಕೆ ನಗು ತಂದುಕೊಂಡು ಬಾಗಿಲು ತೆರೆದೆ. ಬಂದವನು ನೀರಿನ ಮೀಟರು ನೋಡುವವನು. ಅವನಿಗೂ ಅದೇ ನಗು ಕೊಟ್ಟು ಕಳಿಸಬೇಕಾಯಿತು. ಪಾಪ, ಮೀಟರು ಓದುವುದನ್ನೇ ಮರೆತು ಇಳಿದುಹೋದ.

ಬುಧವಾರವೂ ಹಾಗೇ ಹೋಯಿತು. ಗುರುವಾರ ಹನ್ನೆರಡರ ಹೊತ್ತಿಗೆ ಬಾಬಿನ್‌ಳ ತುಟಿ ಒಣಗಿರುವುದು ಕಣ್ಣಿಗೆ ಬಿತ್ತು. ಲೋಟದಲ್ಲಿ ನೀರು ಕೊಟ್ಟೆ.

"ಬೇಡ ದೊಡ್ಡಮ್ಮ."

"ಯಾಕೆ? ಬೆಳಿಗ್ಗೆಯಿಂದ ಕುಡಿದಿಲ್ಲ."

"ಚೆಲ್ಲಿದ್ರೆ?"

ಗೋಡೆಗೆ ಸ್ವಲ್ಪವೂ ತಾಗದ ಹಾಗೆ, ಎರಡು ಕೈಯನ್ನೂ ಮೈಯಿಂದ ದೂರ ಹಿಡಿದುಕೊಂಡು ನಿಂತಿದ್ದಳು. ಆದರೂ, ಸುಳ್ಳೇಕೆ ಹೇಳಲಿ, ಫ್ರಾಕು ತೆಗೆದುಬಿಡು ಎಂದು ನನ್ನ ಬಾಯಿಂದ ಬರಲಿಲ್ಲ. ಲೋಟವನ್ನು ನಾನೇ ಹಿಡಿದು, ಗಲ್ಲದ ಕೆಳಗೆ ಟವೆಲು ಒಡ್ಡಿ ಕುಡಿಸಿದೆ. ಇನ್ನೊಂದೇ ದಿನ ಕಣೇ ಎಂದೆ.

ಶುಕ್ರವಾರ ಹತ್ತು ಗಂಟೆ ಹೊಡೆಯುವುದಕ್ಕೂ ಕೆಳಗೆ ಟಕ್ ಟಕ್ ಎನ್ನುವುದಕ್ಕೂ ಸರಿಹೋಯಿತು.

ಬಂದವರು ನನ್ನದೇ ವಯಸ್ಸಿನ ಹೆಂಗಸು. ತಿಳಿನೀಲಿ ಅಂಗಿ, ಕಪ್ಪು ಪ್ಯಾಂಟು, ಹಳೆಯ ಚರ್ಮದ ಚೀಲ. ತೋಳು ಎರಡು ಸುತ್ತು ಮಡಚಿತ್ತು, ಭುಜದ ಹೊಲಿಗೆ ಮೂಳೆಯ ಮೇಲೇ ಇತ್ತು. ನಾನು ವಾರವಿಡೀ ಹೆಣಗಾಡಿ ತಂದುಕೊಂಡದ್ದು ಈಕೆಗೆ ಏಳುವಾಗಲೇ ಮೈಗೆ ಬಂದಂತಿತ್ತು. ನೀರು ಕೊಡುವಾಗ ಕಾಲರು ಹತ್ತಿರದಿಂದ ಕಂಡಿತು. ಸವೆದ ಕಾಲರನ್ನು ಬಿಚ್ಚಿ, ತಿರುಗಿಸಿ, ಒಳಮುಖವನ್ನು ಹೊರಗೆ ಹಾಕಿ ಹೊಲಿದಿದ್ದರು. ಅಂಗಡಿಯಲ್ಲಿ ಈಗ ಯಾರೂ ಮಾಡಿಸದ ಕೆಲಸ ಅದು, ಮನೆಯಲ್ಲಿ ಹೊಲಿಗೆ ಬಲ್ಲವರು ಮಾತ್ರ ಮಾಡಿಕೊಳ್ಳುತ್ತಾರೆ. ಇವರ ಕಣ್ಣಿಗೆ ಮಣ್ಣೆರಚುವುದು ನನ್ನಿಂದಾಗುವ ಕೆಲಸವಲ್ಲ ಎನ್ನಿಸಿತು.

ಆದರೂ ಎಲ್ಲ ಚೆನ್ನಾಗಿಯೇ ನಡೆಯಿತು. ಮಗು ಎಲ್ಲಿ ಮಲಗುತ್ತದೆ, ಜ್ವರ ಬಂದರೆ ಯಾರಿರುತ್ತಾರೆ, ಕತ್ತರಿ ಸೂಜಿ ಎಲ್ಲಿಡುತ್ತೀರಿ, ಒಂದೊಂದಕ್ಕೂ ಉತ್ತರ ಬಾಯಲ್ಲೇ ಇತ್ತು. ಅವರು ಬರೆದುಕೊಳ್ಳುತ್ತಾ ಹೋದರು. ಕೊನೆಗೆ ಪೆನ್ನು ಮುಚ್ಚಿ ನಮ್ಮಿಬ್ಬರನ್ನೂ ನೋಡಿದರು.

"ಇಬ್ರೂ ತುಂಬಾ ಲಕ್ಷಣವಾಗಿದೀರ. ದಿನಾ ಹೀಗೇ ಇರ್ತೀರಾ?"

"ಹೂಂ ಮೇಡಂ. ಮನೇಲಿ ಇದೇ."

"ಬಾಮ್ಮ ಇಲ್ಲಿ" ಎಂದು ಬಾಬಿನ್‌ಳನ್ನು ಕರೆದರು. ಅವಳು ಮೊಣಕಾಲು ಮಡಿಸದೆ ನಡೆದುಹೋದಳು. ಅಧಿಕಾರಿ ಕುಕ್ಕರುಗಾಲಲ್ಲಿ ಕೂತು, ಹೊಲಿಗೆ ಗೊತ್ತಿದ್ದವರು ಯಾರೇ ಆದರೂ ಮಾಡುವ ಹಾಗೆ, ಫ್ರಾಕಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಮಗುಚಿದರು. ಆಮೇಲೆ ಪಕ್ಕದ ಹೊಲಿಗೆಯನ್ನೂ ಒಳಗಿನಿಂದ ಮುಟ್ಟಿ ನೋಡಿದರು.

"ನಮ್ಮಮ್ಮನೂ ಟೈಲರೇ" ಎಂದರು. "ನನ್ನ ಒಂದೊಂದು ಫ್ರಾಕೂ ನಾಲ್ಕು ವರ್ಷ ಬರ್ತಿತ್ತು. ನಾನು ಉದ್ದ ಆದ ಹಾಗೆಲ್ಲ ಅಂಚು ಬಿಚ್ಚಿ ಇಳಿಸೋರು. ಇದ್ರಲ್ಲಿ ಒಳಗೆ ಬಟ್ಟೆನೇ ಬಿಟ್ಟಿಲ್ವಲ್ಲ?"

ಮಕ್ಕಳ ಬಟ್ಟೆಗೆ ಅಂಚಿನಲ್ಲಿ ನಾಲ್ಕು ಬೆರಳು, ಪಕ್ಕದಲ್ಲಿ ಎರಡು ಬೆರಳು ಬಟ್ಟೆ ಒಳಗೆ ಮಡಚಿ ಬಿಡುವುದು ಹೊಲಿಗೆ ಕಲಿತ ಮೊದಲ ವಾರದ ಪಾಠ. ಮಕ್ಕಳು ಬೆಳೆಯುತ್ತಾರೆ, ಬಟ್ಟೆಯೂ ಜೊತೆಗೆ ಬೆಳೆಯಬೇಕು. ಕೊಂಕು ತೆಗೆಯುವ ಗಿರಾಕಿಗಳ ಮಕ್ಕಳಿಗೂ ನಾನು ಬಿಟ್ಟಿದ್ದೇನೆ. ಆದರೆ ಒಳಗೆ ಮಡಿಕೆಯಿದ್ದರೆ ಅಂಚು ದಪ್ಪವಾಗುತ್ತದೆ, ನೀರಿನ ಹಾಗೆ ಬೀಳುವುದಿಲ್ಲ. ಬಾಬಿನ್‌ಳ ಫ್ರಾಕಿಗೆ ಅರ್ಧ ಬೆರಳು ಬಿಟ್ಟು ಉಳಿದದ್ದನ್ನು ಕತ್ತರಿಸಿ ಎಸೆದಿದ್ದೆ.

"ನೋಡೋಕೆ ಚೆನ್ನಾಗಿರ್ಲಿ ಅಂತ..." ಎಂದೆ.

"ಆರು ತಿಂಗಳಿಗೆ ಇದು ಇವಳಿಗೆ ಆಗಲ್ಲ." ಅವರ ದನಿ ಮೆತ್ತಗೇ ಇತ್ತು. "ನೀವು ಟೈಲರು, ನಿಮಗೆ ಅದು ಗೊತ್ತಿರತ್ತೆ. ಇವಳು ನಿಮ್ಮ ಹತ್ರಾನೇ ಬೆಳೀತಾಳೆ ಅಂತ ಅಂದ್ಕೊಂಡಿಲ್ವಾ?"

ಈಗಿನ ಫ್ಯಾಷನ್ನೇ ಹಾಗೆ ಮೇಡಂ ಎನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಐದು ದಿನದಿಂದ ನಿಂತೂ ನಿಂತೂ ನನ್ನ ತಲೆ ಕೆಟ್ಟುಹೋಗಿತ್ತು.

"ಅಂದ್ಕೊಂಡಿಲ್ಲ ಮೇಡಂ. ಎಲ್ಲಿಂದ ಅಂದ್ಕೊಳ್ಳಿ? ಅವ್ರಿಗೆ ಅಂಗಳ ಇದೆ, ಕೋಣೆ ಇದೆ. ನನ್ನ ಹತ್ರ ಏನಿದೆ? ಕತ್ತರಿ ಹಿಡಿದಾಗ ಬಟ್ಟೆ ಜಾಸ್ತಿ ಬಿಡೋಕೆ ಕೈನೇ ಬರ್ಲಿಲ್ಲ. ನಾಲ್ಕು ಬೆರಳು ಬಿಟ್ಟು ಹೊಲಿದು, ಆಮೇಲೆ ನೀವು ಇವಳನ್ನ ಕರ್ಕೊಂಡು ಹೋದ್ರೆ ಅದನ್ನ ಬಿಚ್ಚೋರು ಯಾರು? ಇದು ಈ ವಾರಕ್ಕೆ ಅಂತಾನೇ ಹೊಲಿದಿದ್ದು. ಬರ್ಕೊಳ್ಳಿ ಬೇಕಾದ್ರೆ. ನಾವು ದಿನಾ ಹೀಗಿರಲ್ಲ. ನಾನು ಹರಕು ಗೌನಲ್ಲಿರ್ತೀನಿ, ಇವಳು ಚಿಂದಿ ರಾಶಿಲಿ ಬಿದ್ದು ಹೊರಳ್ತಿರ್ತಾಳೆ. ಐದು ದಿನದಿಂದ ಮಗೂನ ಕೂರೋಕೆ ಬಿಟ್ಟಿಲ್ಲ, ನೀರು ಕುಡಿಯೋಕೂ ಹೆದರೋ ಹಾಗೆ ಮಾಡಿದೀನಿ. ಅದನ್ನೂ ಬರ್ಕೊಳ್ಳಿ."

ಎಲ್ಲ ನನ್ನ ಕೈಯಾರೆ ಹಾಳುಮಾಡಿಕೊಂಡೆ ಎಂದು ಹೇಳುತ್ತಾ ಇರುವಾಗಲೇ ಗೊತ್ತಾಗುತ್ತಿತ್ತು. ಬಾಬಿನ್ ಒಮ್ಮೆ ನನ್ನನ್ನು, ಒಮ್ಮೆ ಅವರನ್ನು ನೋಡಿದಳು. ಆಮೇಲೆ ಫ್ರಾಕಿನ ಅಂಚನ್ನು ಎರಡು ಕೈಯಲ್ಲೂ ಹಿಡಿದು ಕೆಳಗೆ ಎಳೆದಳು.

"ಇದು ಸಾಕು ದೊಡ್ಡಮ್ಮ. ನಾನು ಬೆಳೆಯಲ್ಲ."

ಕೆಳಗೆ ಇಸ್ತ್ರಿ ಅಣ್ಣ ಬಟ್ಟೆಗೆ ನೀರು ಚಿಮುಕಿಸುವ ಸದ್ದು ಕೇಳುತ್ತಿತ್ತು. ಅಧಿಕಾರಿ ಎದ್ದು ಫೈಲನ್ನು ಮತ್ತೆ ತೆರೆದರು, ನಿಂತೇ ಬಹಳ ಹೊತ್ತು ಬರೆದರು. ಏನು ಬರೆದರೋ ಕಾಣಲಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ. ಬಾಗಿಲ ತನಕ ಹೋದವರು ತಿರುಗಿ ನಿಂತರು.

"ಏನು ಬರ್ದಿದೀನಿ ಅಂತ ಈಗ ಹೇಳೋ ಹಾಗಿಲ್ಲ. ಹದಿನೈದು ದಿನಕ್ಕೆ ಕಾಗದ ಬರತ್ತೆ. ಇವಳಿಗೆ ಶಾಲೆ ಯಾವಾಗ ಶುರು?"

"ಮುಂದಿನ ತಿಂಗಳು, ಒಂದನೇ ಕ್ಲಾಸು."

"ಯೂನಿಫಾರಂ ಹೊಲಿದಾಯ್ತಾ?"

"ಇಲ್ಲ ಮೇಡಂ. ಬಟ್ಟೆ ತಂದಿಟ್ಟಿದೀನಿ ಅಷ್ಟೇ, ಕೈ ಹಾಕಿಲ್ಲ."

"ಹೊಲೀರಿ" ಎಂದರು. "ನಾಲ್ಕು ಬೆರಳು ಬಿಡಿ. ಇವಳಪ್ಪನ ಕಡೆಯವರು ಎತ್ತರದ ಜನ, ಐದೇ ಬಿಡಿ."

ಅವರು ಮೆಟ್ಟಿಲಿಳಿದು ಹೋದ ಮೇಲೂ ಸ್ವಲ್ಪ ಹೊತ್ತು ಆ ಮಾತು ನನ್ನ ತಲೆಗೆ ಹೋಗಲಿಲ್ಲ. ಅರ್ಥವಾದಾಗ ಆ ಕಡುನೀಲಿ ಪ್ಯಾಂಟಿನಲ್ಲೇ ನೆಲದ ಮೇಲೆ ಕುಸಿದು ಕೂತೆ. ಎದೆಯ ಮೇಲೆ ಕಲ್ಲಿಟ್ಟ ಹಾಗಿದ್ದದ್ದು ಇಳಿಯಿತೋ, ಅಳುವೇ ಬಂತೋ, ಎರಡೂ ಒಟ್ಟಿಗೇ ಆಯಿತು. ಆಮೇಲೆ ಕೂತಲ್ಲಿಂದಲೇ ಟೇಪು ತೆಗೆದುಕೊಂಡು ಬಾಬಿನ್‌ಳನ್ನು ಎದುರಿಗೆ ಎಳೆದು ನಿಲ್ಲಿಸಿದೆ.

ಹೆಗಲಿನಿಂದ ಮೊಣಕಾಲಿಗೆ ಟೇಪು ಹಿಡಿದೆ. ಒಮ್ಮೆ ನೋಡಿದೆ, ಮತ್ತೊಮ್ಮೆ ನೋಡಿದೆ. ಅವಳು ಬಂದ ಹೊಸದರಲ್ಲಿ ಅಳೆದು ಬರೆದಿಟ್ಟದ್ದಕ್ಕಿಂತ ಒಂದೂವರೆ ಬೆರಳು ಜಾಸ್ತಿ ಇತ್ತು.

"ಏನೇ ಇದು, ಇಷ್ಟುದ್ದ ಆಗ್ಬಿಟ್ಟಿದೀಯ?"

ಅವಳ ಮುಖ ಸಣ್ಣಗಾಯಿತು. ಮೊಣಕಾಲನ್ನು ಸ್ವಲ್ಪ ಮಡಿಸಿ ಕುಗ್ಗಿ ನಿಂತಳು.

"ಗೊತ್ತಾಗ್ದೇ ಆಗೋಯ್ತು ದೊಡ್ಡಮ್ಮ" ಎಂದಳು. "ಇನ್ಮೇಲೆ ಇಲ್ಲ."

ನಾನು ಅವಳ ಎರಡೂ ಮೊಣಕಾಲುಗಳನ್ನು ಹಿಡಿದು ನೆಟ್ಟಗೆ ಮಾಡಿ, ಇನ್ನೊಮ್ಮೆ ಮೊದಲಿನಿಂದ ಅಳೆದೆ.